ಸಣ್ಣ ಲೀಗುಗಳಲ್ಲಿ ಗಾರ್ಡ್ ಆಗಿ ಆಡಿದ ವರ್ಷಗಳು

ಬ್ಯಾಸ್ಕೆಟ್‌ಬಾಲ್ ಆಡಿಯೇ ಬದುಕಬಹುದೇ ಎಂದು ನಾನು ತರಬೇತಿ ಕೊಡುವ ಕ್ಲಬ್ಬಿನ ಹುಡುಗರೂ ಅವರ ತಂದೆತಾಯಂದಿರೂ ಕೇಳಿದಾಗ ನಾನು ಹೌದೆಂದೇ ಹೇಳುತ್ತೇನೆ. ಆದರೆ ನಮ್ಮ ದೇಶದಲ್ಲಿ ಆ ಬದುಕನ್ನು ಕೊಡುವುದು ಲೀಗ್ ಅಲ್ಲ, ನೌಕರಿ ಎಂಬುದನ್ನೂ ಜೊತೆಗೇ ತಿಳಿಸುತ್ತೇನೆ. ರೈಲ್ವೆ, ಸೇನೆ, ಬ್ಯಾಂಕುಗಳು, ಆದಾಯ ತೆರಿಗೆ ಇಲಾಖೆ, ತೈಲ ಕಂಪನಿಗಳು ಕ್ರೀಡಾ ಕೋಟಾದಡಿ ಆಟಗಾರರನ್ನು ಸೇರಿಸಿಕೊಂಡು ತಂಡ ಕಟ್ಟುತ್ತವೆ. ಭಾರತ ತಂಡದ ನಾಯಕರಾಗಿದ್ದ, ನನ್ನಂಥ ಗಾರ್ಡುಗಳೆಲ್ಲ (ಚೆಂಡನ್ನು ಮುಂದಕ್ಕೆ ತಂದು ಆಟ ನಡೆಸುವವರು) ಕಣ್ಣಿಟ್ಟು ನೋಡಿ ಕಲಿಯುತ್ತಿದ್ದ ವಿಶೇಷ್ ಭೃಗುವಂಶಿಯವರೂ ತೈಲ ಕಂಪನಿ ಒಎನ್‌ಜಿಸಿಯ ನೌಕರರೇ. ನಾನು ಬೆಂಗಳೂರಿನ ಒಂದು ಕಚೇರಿ ತಂಡಕ್ಕೆ ಮೊದಲು ಸ್ಟೈಪೆಂಡ್ ಆಟಗಾರನಾಗಿ ಸೇರಿ, ಆಮೇಲೆ ಕಾಯಂ ಗುಮಾಸ್ತನಾದೆ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನದವರೆಗೆ ಮೇಜಿನ ಕೆಲಸ, ಸಂಜೆ ಮತ್ತೆ ಅಂಕಣ. ಪಂದ್ಯಾವಳಿಗೆ ಹೋದ ದಿನಗಳು ಕರ್ತವ್ಯದ ಲೆಕ್ಕಕ್ಕೇ ಸೇರುತ್ತಿದ್ದವು.

ಆಯ್ಕೆಯ ದಿನ ಗಾರ್ಡ್‌ಗೆ ಇರುವ ಕಷ್ಟ ಉಳಿದವರಿಗಿಲ್ಲ. ಎತ್ತರ ಎಂಬುದು ಆಟಗಾರ ಅಂಕಣಕ್ಕೆ ಕಾಲಿಡುವಾಗಲೇ ಆಯ್ಕೆಗಾರರಿಗೆ ಕಾಣುತ್ತದೆ. ಆದರೆ ಐವರ ಆಟದ ವೇಗವನ್ನು ಹಿಡಿದಿಡುವ ಕೆಲಸ ಹತ್ತು ನಿಮಿಷದ ಟ್ರಯಲ್ಸ್‌ನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಮೆರಿಕದ ಎನ್‌ಬಿಎ ಮತ್ತು ಅದರ ಕೆಳಗಿನ ಲೀಗ್ ಭಾರತದಿಂದ ಆರಿಸಿಕೊಂಡವರನ್ನೇ ನೋಡಿ. 2015ರಲ್ಲಿ ಡಲ್ಲಾಸ್ ಆರಿಸಿದ ಸತ್ನಾಮ್ ಸಿಂಗ್, 2016ರಲ್ಲಿ ಲಾಂಗ್ ಐಲ್ಯಾಂಡ್ ನೆಟ್ಸ್ ಆರಿಸಿದ ಪಾಲ್‌ಪ್ರೀತ್ ಸಿಂಗ್ ಬ್ರಾರ್, 2017ರಲ್ಲಿ ಒಕ್ಲಹೋಮ ಸಿಟಿ ಬ್ಲೂ ಸೇರಿದ ಅಮ್ಜ್ಯೋತ್ ಸಿಂಗ್, ಮೂವರೂ ಆರೂವರೆ ಅಡಿ ಮೀರಿದವರು. ಅದೇ 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ 36ಅರ್ಸ್ ತಂಡ ಭೃಗುವಂಶಿಯವರೊಡನೆ ಒಪ್ಪಂದ ಮಾಡಿಕೊಂಡಾಗ, ಒಬ್ಬ ಗಾರ್ಡ್‌ನ ಕೆಲಸವನ್ನು ಹೊರಗಿನವರೂ ಗುರುತಿಸಿದರಲ್ಲ ಎಂದು ನಮಗಾದ ಸಂತೋಷ ದೊಡ್ಡದು. ಐದಡಿ ಹತ್ತಂಗುಲದ ನಾನು ಟ್ರಯಲ್ಸ್‌ಗೆ ಮಾಡಿಕೊಂಡ ಸಿದ್ಧತೆ ಎರಡು ಕೆಲಸಗಳಿಗೆ ಸೀಮಿತವಾಗಿತ್ತು: ಎಡಗೈಯಲ್ಲೂ ಬಲಗೈಯಷ್ಟೇ ನಿಶ್ಚಿಂತೆಯಿಂದ ಡ್ರಿಬಲ್ ಮಾಡುವುದು, ಮತ್ತು ಎದುರಾಳಿ ಸೆಂಟರ್ (ಬುಟ್ಟಿಯ ಬಳಿ ನಿಲ್ಲುವ ಎತ್ತರದ ಆಟಗಾರ) ಕೈಯೆತ್ತುವ ಮೊದಲೇ ಚೆಂಡನ್ನು ಮೇಲಕ್ಕೆ ತೇಲಿಸಿ ಬುಟ್ಟಿಗೆ ಹಾಕುವ ಫ್ಲೋಟರ್. ಮೂರು ಅಂಕದ ಎಸೆತವನ್ನು ಎಲ್ಲರೂ ಅಭ್ಯಾಸ ಮಾಡಿಕೊಂಡು ಬರುತ್ತಾರೆ. ಅದರಿಂದ ಯಾರೂ ಬೇರೆಯಾಗಿ ಕಾಣುವುದಿಲ್ಲ.

ನಾನು ನಿಜವಾಗಿ ಗಾರ್ಡ್ ಆದದ್ದು ಪಂದ್ಯಾವಳಿಗಳಲ್ಲಿ. ಬೇಸಿಗೆ ಬಂತೆಂದರೆ ತಮಿಳುನಾಡಿನ ಪೆರಿಯಕುಳಂ, ಕೊಯಮತ್ತೂರು ಮೊದಲಾದ ಊರುಗಳಲ್ಲಿ ಅಖಿಲ ಭಾರತ ಪಂದ್ಯಾವಳಿಗಳು ನಡೆಯುತ್ತವೆ. ಇಂಡಿಯನ್ ಬ್ಯಾಂಕ್, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ನೌಕಾಪಡೆ, ಭೂಸೇನೆಯಂಥ ತಂಡಗಳು ಅಲ್ಲಿಗೆ ಬರುತ್ತವೆ. ಪೆರಿಯಕುಳಂನಂಥ ಊರಿನಲ್ಲಿ ರಾತ್ರಿ ಹೊನಲು ಬೆಳಕಿನಲ್ಲಿ ಬಯಲು ಅಂಕಣದ ಸುತ್ತ ಕುಳಿತ ಜನ ಆಟವನ್ನು ಬಲ್ಲವರು. ಒಳ್ಳೆಯ ಪಾಸ್‌ಗೆ ಬುಟ್ಟಿಗಿಂತ ಮೊದಲೇ ಚಪ್ಪಾಳೆ ತಟ್ಟುತ್ತಾರೆ. ನಮ್ಮ ಕಚೇರಿ ತಂಡ ಹೋಗದ ಪಂದ್ಯಾವಳಿಗಳಿಗೆ ನಾನು ಅನುಮತಿ ಪಡೆದು ಬೇರೆ ತಂಡಗಳ ಪರವಾಗಿ ಅತಿಥಿ ಆಟಗಾರನಾಗಿ ಹೋಗುತ್ತಿದ್ದೆ. ಹಾಗೆ ಹೋದಾಗ ಉಳಿದ ನಾಲ್ವರು ಅಪರಿಚಿತರು, ಅಭ್ಯಾಸಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಬೆಳಗು, ಸಂಜೆಗೆ ಪಂದ್ಯ.

ಅಪರಿಚಿತರನ್ನು ಬೇಗ ಅರಿತುಕೊಳ್ಳುವುದೇ ಸಣ್ಣ ಲೀಗುಗಳ ಗಾರ್ಡ್‌ಗೆ ಬೇಕಾದ ಮೊದಲ ವಿದ್ಯೆ ಎಂದು ನಾನು ನಂಬಿದ್ದೇನೆ. ರೈಲಿನಲ್ಲೇ ನನ್ನ ಕೆಲಸ ಶುರುವಾಗುತ್ತಿತ್ತು. ತಂಡದ ಸೆಂಟರ್ ಎದುರು ಕುಳಿತು, ಚೆಂಡು ಎದೆಯ ಮಟ್ಟಕ್ಕೆ ಬೇಕೋ ನೆಲಕ್ಕೆ ಪುಟಿದು ಬರಬೇಕೋ, ಸ್ಕ್ರೀನ್ ಕೊಟ್ಟ ಮೇಲೆ (ನನ್ನನ್ನು ಹಿಡಿಯುವವನಿಗೆ ಅಡ್ಡ ನಿಂತ ಮೇಲೆ) ಅವನು ಯಾವ ಭುಜದ ಕಡೆ ತಿರುಗುತ್ತಾನೆ, ಯಾವ ಮೊಣಕಾಲಿಗೆ ಪೆಟ್ಟಾಗಿದೆ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದೆ. ದೂರದಿಂದ ಎಸೆಯುವವನನ್ನು ಕೇಳುವ ಅಗತ್ಯವಿರಲಿಲ್ಲ. ವಾರ್ಮ್‌ಅಪ್‌ನಲ್ಲಿ ಅವನು ಮೊದಲು ಹೋಗಿ ನಿಲ್ಲುವ ಮೂಲೆಯನ್ನು ನೋಡಿಕೊಂಡರೆ ಸಾಕಿತ್ತು. ಪಂದ್ಯದ ಮೊದಲ ಕೆಲವು ನಿಮಿಷಗಳಲ್ಲಿ ನಾನು ಬುಟ್ಟಿಯ ಕಡೆ ನೋಡುತ್ತಲೇ ಇರಲಿಲ್ಲ. ನಾಲ್ವರಿಗೂ ಅವರವರು ಬಯಸಿದ ಜಾಗದಲ್ಲಿ ಒಮ್ಮೆಯಾದರೂ ಚೆಂಡು ಮುಟ್ಟಿಸಿದ ಮೇಲೆ, ಕೊನೆಯ ಕ್ವಾರ್ಟರ್‌ನಲ್ಲಿ ನಾನು ಕೈಬೆರಳಿನಿಂದ ತೋರಿಸಿದ ಕಡೆಗೆ ಅವರು ಮರುಮಾತಿಲ್ಲದೆ ಓಡುತ್ತಿದ್ದರು. ಕೋಚ್ ಹಲಗೆಯ ಮೇಲೆ ಬರೆದು ವಿವರಿಸಿದ್ದಕ್ಕಿಂತ ಆ ವಿಶ್ವಾಸವೇ ಹೆಚ್ಚು ಪಂದ್ಯಗಳನ್ನು ಗೆಲ್ಲಿಸಿಕೊಟ್ಟಿತು.

ಎರಡನೆಯದು ಗಡಿಯಾರ. ಎಂಟು ಸೆಕೆಂಡಿನಲ್ಲಿ ಮಧ್ಯರೇಖೆ ದಾಟಬೇಕು, ಇಪ್ಪತ್ತನಾಲ್ಕರೊಳಗೆ ಎಸೆಯಬೇಕು, ಎದುರಾಳಿಯ ಬುಟ್ಟಿಯ ಕೆಳಗೆ ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು) ನಮ್ಮವರಿಗೇ ಸಿಕ್ಕರೆ ಮತ್ತೆ ಹದಿನಾಲ್ಕು ಮಾತ್ರ. ಬಯಲು ಅಂಕಣಗಳಲ್ಲಿ ಗಡಿಯಾರ ಸದಾ ಕಣ್ಣಿಗೆ ಬೀಳುವ ಜಾಗದಲ್ಲಿರುವುದಿಲ್ಲವಾದ್ದರಿಂದ, ಡ್ರಿಬಲ್ ಮಾಡುತ್ತಲೇ ಮನಸ್ಸಿನಲ್ಲಿ ಎಣಿಸುವುದನ್ನು ರೂಢಿಸಿಕೊಂಡೆ. ತಮಿಳುನಾಡಿನ ಗಾರ್ಡುಗಳು ಅಂಕಣದ ಉದ್ದಕ್ಕೂ ಒತ್ತಿ ಹಿಡಿಯುವಾಗ ಆ ಎಂಟು ಸೆಕೆಂಡುಗಳು ಎಷ್ಟು ಬೇಗ ಕರಗುತ್ತವೆ ಎಂಬುದು ಎದುರಿಸಿದವರಿಗೇ ಗೊತ್ತು. ನಾನು ಕಂಡುಕೊಂಡ ಉಪಾಯ ಸರಳವಾದದ್ದು: ಚೆಂಡು ಕೈಗೆ ಬರುವ ಮೊದಲೇ ಒಮ್ಮೆ ಹಿಂದಿರುಗಿ ನೋಡಿ, ಒತ್ತಡ ಹಾಕುವವನು ಎಡಗಡೆ ಇದ್ದಾನೋ ಬಲಗಡೆಯೋ ಎಂದು ತಿಳಿದುಕೊಂಡಿರುವುದು. ಆಗ ಮೊದಲ ಹೆಜ್ಜೆಯಲ್ಲೇ ಅವನನ್ನು ದಾಟಬಹುದು.

ವೃತ್ತಿಪರ ಲೀಗುಗಳು ನಮ್ಮಲ್ಲಿ ಬಂದಿವೆ, ನಿಂತಿವೆ, ಮತ್ತೆ ಬಂದಿವೆ. 2015ರಿಂದ 2017ರವರೆಗೆ ಯುಬಿಎ ನಡೆಯಿತು. ಬೆಂಗಳೂರು ಬೀಸ್ಟ್ ಅದರ ಒಂದು ತಂಡ. 2018ರಲ್ಲಿ ಮೂವರ ಆಟದ 3ಬಿಎಲ್ ಆರಂಭವಾಯಿತು. 2022ರಲ್ಲಿ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ನಿನ ಐಎನ್‌ಬಿಎಲ್ ಆರು ನಗರಗಳ ತಂಡಗಳೊಂದಿಗೆ ಶುರುವಾಗಿ, ಬೆಂಗಳೂರು ಕಿಂಗ್ಸ್ ಹೆಸರಿನ ತಂಡವೂ ಆಡಿತು. ಅಮೆರಿಕದಲ್ಲಿ ಎನ್‌ಬಿಎ 2001ರಲ್ಲಿ ಆರಂಭಿಸಿದ ಕೆಳಹಂತದ ಲೀಗ್ ಇಂದಿಗೂ ಪ್ರತಿ ಚಳಿಗಾಲ ನಡೆಯುತ್ತಿದ್ದು, ಅಲ್ಲಿನ ಗಾರ್ಡ್ ಮುಂದಿನ ವರ್ಷಕ್ಕೊಂದು ಲೆಕ್ಕ ಹಾಕಿಕೊಳ್ಳಬಹುದು. ನಮ್ಮ ಹುಡುಗರಿಗೆ ಇನ್ನೂ ಆ ಭರವಸೆ ಸಿಕ್ಕಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ವಿಷಯ. ಹಾಗೆಂದು ಸಣ್ಣ ಸೀಸನ್ನುಗಳು ವ್ಯರ್ಥವೆಂದು ನಾನು ಒಪ್ಪುವುದಿಲ್ಲ. ಮರದ ಅಂಕಣ, ಪ್ರತಿದಿನ ವಿಡಿಯೊ ನೋಡಿ ನಡೆಸುವ ಚರ್ಚೆ, ನಮಗಿಂತ ಬಲಿಷ್ಠ ಆಟಗಾರರನ್ನು ದಿನದಿನವೂ ಎದುರಿಸುವ ಅವಕಾಶ ಇವೆಲ್ಲ ಕಚೇರಿ ತಂಡದಲ್ಲಿ ಸಿಗುವಂಥವಲ್ಲ.

ಮೂವರ ಆಟ ನನಗೆ ಇನ್ನೊಂದು ಬಗೆಯಲ್ಲಿ ಉಪಕಾರ ಮಾಡಿತು. ಅಲ್ಲಿ ಎಸೆಯಲು ಹನ್ನೆರಡೇ ಸೆಕೆಂಡು, ಪಂದ್ಯ ಹತ್ತು ನಿಮಿಷಕ್ಕೆ ಅಥವಾ ಇಪ್ಪತ್ತೊಂದು ಅಂಕಕ್ಕೆ ಮುಗಿಯುತ್ತದೆ, ಮತ್ತು ಆಟ ನಡೆಯುವಾಗ ಕೋಚ್ ಸಲಹೆ ಕೊಡುವಂತಿಲ್ಲ. ಬೆಂಚಿನ ಕಡೆ ತಿರುಗಿ ನೋಡುವ ಅಭ್ಯಾಸವಿದ್ದ ಗಾರ್ಡುಗಳು ಒಂದು ಸೀಸನ್ನಿನಲ್ಲಿ ತಾವೇ ನಿರ್ಧರಿಸಲು ಕಲಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹದಿನಾರು ಹದಿನೇಳರ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಸಿಮೆಂಟಿನ ಮೇಲೆ ಬೆಳೆದವರ ಮೊಣಕಾಲುಗಳು ಮೂವತ್ತು ದಾಟುತ್ತಲೇ ದೂರು ಹೇಳತೊಡಗುತ್ತವೆ. ಆ ಹೊತ್ತಿಗೆ ನಾನು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಮುಗಿಸಿಕೊಂಡು, ಕಚೇರಿಯ ಕೆಲಸದ ಜೊತೆಗೆ ಕ್ಲಬ್ಬಿನಲ್ಲಿ ತರಬೇತಿ ಕೊಡಲು ಆರಂಭಿಸಿದೆ. ನೌಕರಿಗೆ ಟ್ರಯಲ್ಸ್ ಕೊಡಲು ಹೊರಟ ಗಾರ್ಡುಗಳಿಗೆ ಕೋಟಾದ ಅಧಿಸೂಚನೆಯಲ್ಲಿ ಯಾವ ಮಟ್ಟದ ಪಂದ್ಯಾವಳಿಯ ಪ್ರಮಾಣಪತ್ರ ಕೇಳಿದ್ದಾರೆಂದು ಮೊದಲು ಓದಿಸುತ್ತೇನೆ. ಅರ್ಹತೆಯಿದ್ದೂ ಕಾಗದವಿಲ್ಲದೆ ಹಿಂದಿರುಗಿದವರು ನಮ್ಮಲ್ಲಿ ಬಹಳ ಮಂದಿ. ಆಮೇಲೆ ಅವರನ್ನು ಪ್ರತಿ ವಾರ ಬೇರೊಂದು ಕ್ಲಬ್ಬಿನ ಅಂಕಣಕ್ಕೆ ಕಳುಹಿಸಿ, ಹೆಸರೂ ಗೊತ್ತಿಲ್ಲದ ನಾಲ್ವರ ಜೊತೆ ಆಡಿಸುತ್ತೇನೆ.