ಬಸಿರಿನ ತೂಕ, ಮಗುವಿನ ಮೈಕೊಬ್ಬು: ಮುಟ್ಟು ನಿಲ್ಲುವ ಮೊದಲೇ ಶುರುವಾಗುವ ಲೆಕ್ಕ

ಹೆಚ್ಚಿನವರ ತೂಕ ಮೊದಲ ಸಲ ದಾಖಲಾಗುವುದು ತಾಯಿ ಕಾರ್ಡ್ ಮಾಡಿಸುವ ದಿನ. ಅಷ್ಟು ಹೊತ್ತಿಗೆ ಎರಡೋ ಮೂರೋ ತಿಂಗಳು ದಾಟಿರುತ್ತದೆ. ಆದರೆ ಹುಟ್ಟುವ ಮಗುವಿನ ಮೈಯಲ್ಲಿ ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು ಎನ್ನುವುದರ ಜೊತೆ ಹೆಚ್ಚು ನಂಟಿರುವುದು ಬಸಿರಿನಲ್ಲಿ ಏರಿದ ತೂಕಕ್ಕಿಂತ ಬಸಿರಾಗುವ ಮೊದಲಿನ ತೂಕಕ್ಕೆ. ಏರಿಕೆಯಲ್ಲೂ ಬಸಿರಿನ ಮೊದಲ ಅರ್ಧದಲ್ಲಿ ಏರಿದ್ದಕ್ಕೆ ನಂಟು ಜಾಸ್ತಿ. ಹಾಗಾಗಿ ಮಗು ಬೇಕು ಅಂದುಕೊಂಡ ತಿಂಗಳೇ ತೂಕ ನೋಡಿ ಬರೆದಿಟ್ಟುಕೊಳ್ಳಬೇಕು.

ಈ ನಂಟಿನಲ್ಲಿ ಒಂದು ಪಾಲು ಅಪ್ಪ-ಅಮ್ಮನಿಂದ ಬಂದ ವಂಶವಾಹಿ, ಇನ್ನೊಂದು ಪಾಲು ಮನೆಯ ಅಡುಗೆಯ ರೂಢಿ. ಅಪ್ಪನ ತೂಕಕ್ಕೂ ಮಗುವಿನ ತೂಕಕ್ಕೂ ನಂಟು ಕಾಣುತ್ತದೆ. ಮಗು ದಪ್ಪಗಾಯಿತೆಂದು ಸೊಸೆಯನ್ನು ದೂರುವವರು ಮೊದಲು ಇದನ್ನು ಓದಲಿ.

ತೂಕ ನೋಡುವ ಬಗೆ

ಮನೆಯ ತೂಕದ ಮಷಿನ್ ಮೇಲೆ ಕಣ್ಣುಮುಚ್ಚಿ ನಂಬಿಕೆ ಇಡಬೇಡಿ. ಮಣ್ಣಿನ ನೆಲ, ಚಾಪೆ, ಜಗುಲಿಯ ಒರಟು ಕಲ್ಲು ಇವುಗಳ ಮೇಲೆ ಇಟ್ಟರೆ ಅದು ತಪ್ಪು ತೋರಿಸುತ್ತದೆ. ಸಮತಟ್ಟಾದ ಗಟ್ಟಿ ನೆಲ ಬೇಕು, ಇಲ್ಲದಿದ್ದರೆ ದಪ್ಪ ಹಲಗೆ ಹಾಕಿ. ಮಷಿನ್ ಸರಿಯಿದೆಯೇ ಎಂದು ತಿಳಿಯಲು ಮೊದಲು ಬರಿಗೈಯಲ್ಲಿ ನಿಂತು ತೂಕ ನೋಡಿ. ಆಮೇಲೆ 5 ಲೀಟರ್ ನೀರು ತುಂಬಿದ ಕ್ಯಾನ್ ಹಿಡಿದು ನಿಲ್ಲಿ. ವ್ಯತ್ಯಾಸ 5 ಕಿಲೋಗಿಂತ ಸ್ವಲ್ಪ ಮೇಲೆ, ಅಂದರೆ ಕ್ಯಾನಿನ ತೂಕದಷ್ಟೇ ಹೆಚ್ಚು ಬರಬೇಕು. ಬರೀ ಕ್ಯಾನನ್ನು ಇಟ್ಟು ನೋಡಬೇಡಿ, ಕಡಿಮೆ ಭಾರವನ್ನು ಕೆಲವು ಡಿಜಿಟಲ್ ಮಷಿನ್‌ಗಳು ಓದುವುದೇ ಇಲ್ಲ.

ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಚಹಾ ಕುಡಿಯುವ ಮೊದಲು, ಪ್ರತಿ ಸಲವೂ ಅದೇ ನೈಟಿಯಲ್ಲಿ ನೋಡಿ. ಪಿಎಚ್‌ಸಿಗೆ ಸೀರೆ ಉಟ್ಟು ಹೋದರೆ ಅರ್ಧ ಕಿಲೋ ಅಲ್ಲೇ ಸೇರಿಕೊಳ್ಳುತ್ತದೆ. ಎರಡು ಮಷಿನ್‌ಗಳ ನಡುವೆ ಒಂದೆರಡು ಕಿಲೋ ಅಂತರ ಇರುವುದೂ ಉಂಟು. ಹಾಗಾಗಿ ಮನೆಯ ಅಂಕಿ, ಅಂಗನವಾಡಿಯ ಅಂಕಿ, ಆಸ್ಪತ್ರೆಯ ಅಂಕಿ ಮೂರನ್ನೂ ಬೆರೆಸಿ ಏರಿಕೆಯ ಲೆಕ್ಕ ಹಾಕಬೇಡಿ.

ಎತ್ತರಕ್ಕೆ ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು, ತಲೆಯ ಮೇಲೆ ಗಟ್ಟಿ ಪುಸ್ತಕ ಅಡ್ಡ ಹಿಡಿದು ಗುರುತು ಮಾಡಿಸಿ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವುದು ಬಿಎಂಐ. ಉದಾಹರಣೆಗೆ 1.52 ಮೀಟರ್ ಎತ್ತರ, 45 ಕಿಲೋ ಇದ್ದರೆ ಬಿಎಂಐ ಸುಮಾರು 19.5. ಅದೇ ಎತ್ತರಕ್ಕೆ 60 ಕಿಲೋ ಇದ್ದರೆ 26.

18.5ಕ್ಕಿಂತ ಕೆಳಗಿದ್ದರೆ ಬಡಕಲು. ಮೇಲಿನ ಗೆರೆ ಮಾತ್ರ ನಮಗೆ ಬೇರೆ. ಹೊರದೇಶದ ಪಟ್ಟಿಗಳಲ್ಲಿ 25 ದಾಟಿದರೆ ಹೆಚ್ಚು ತೂಕ, ಭಾರತೀಯರಿಗೆ 23ರಿಂದಲೇ. ನೋಡಲು ಸಪೂರವಾಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಕೂರುವ ಮೈಕಟ್ಟು ನಮ್ಮದು, ಶುಗರ್ ಬೇಗ ಬರುವುದೂ ಅದಕ್ಕೇ.

ಮೂರು ತಿಂಗಳು ತುಂಬುವ ಮೊದಲೇ ಬಸಿರಿನ ಹೆಸರು ಬರೆಸಿ. ಹಳೆಯ ತೂಕ ಗೊತ್ತಿಲ್ಲದಿದ್ದರೆ 12 ವಾರದೊಳಗಿನ ತೂಕವನ್ನೇ ಆರಂಭ ಎಂದು ಹಿಡಿಯಬಹುದು. ಅದೂ ದಾಟಿದ್ದರೆ ಆಶಾ ಕಾರ್ಯಕರ್ತೆಯ ಹತ್ತಿರ ತೋಳಿನ ಸುತ್ತಳತೆ ಅಳೆಸಿ. ಬಸಿರಿನಲ್ಲಿ ತೋಳು ಹೆಚ್ಚು ಬದಲಾಗುವುದಿಲ್ಲ, 23 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತಾಯಿಗೆ ಪೋಷಣೆ ಸಾಲದು ಎಂದೇ ಅರ್ಥ.

ಬಸಿರಿಗೆ ಮೊದಲಿನ ತಿಂಗಳುಗಳು

ತೂಕ ಇಳಿಸಬೇಕಾದವರು ಇಳಿಸಬೇಕಾದದ್ದು ಈಗ, ಬಸಿರಾದ ಮೇಲೆ ಅಲ್ಲ. ನೂರಕ್ಕೆ 5ರಿಂದ 10ರಷ್ಟು ಇಳಿದರೂ ಸಕ್ಕರೆ ಹತೋಟಿಗೆ ಬರುತ್ತದೆ, ಪಿಸಿಓಎಸ್ (ಅಂಡಾಶಯದ ಹಾರ್ಮೋನು ಏರುಪೇರು) ಇರುವವರಿಗೆ ಮುಟ್ಟು ಕ್ರಮಕ್ಕೆ ಬರುವುದೂ ಉಂಟು. 65 ಕಿಲೋದವರಿಗೆ ಅದು ಮೂರರಿಂದ ಆರು ಕಿಲೋ, ಅಷ್ಟೇ. ಬಡಕಲಿದ್ದವರು ಮೊದಲು 18.5ರ ಗೆರೆ ಮುಟ್ಟಲಿ. ಇಬ್ಬರೂ ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಕನಿಷ್ಠ ಒಂದು ತಿಂಗಳು ಮೊದಲೇ ಶುರು ಮಾಡಬೇಕು. ರಕ್ತ, ಥೈರಾಯ್ಡ್, ಶುಗರ್ ಒಂದೇ ಸಲ ನೋಡಿಸಿಬಿಡಿ.

ಎಷ್ಟು ಏರಬೇಕು

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಹಾಕಿಕೊಟ್ಟ ಲೆಕ್ಕವನ್ನೇ ಹೆಚ್ಚಿನ ವೈದ್ಯರು ಇಟ್ಟುಕೊಳ್ಳುತ್ತಾರೆ. ಬಿಎಂಐ 18.5ಕ್ಕಿಂತ ಕಡಿಮೆ ಇದ್ದವರು ಒಟ್ಟು 12.5ರಿಂದ 18 ಕಿಲೋ ಏರಬೇಕು. 18.5ರಿಂದ 24.9ರವರೆಗೆ 11.5ರಿಂದ 16 ಕಿಲೋ, 25ರಿಂದ 29.9ರವರೆಗೆ 7ರಿಂದ 11.5, 30 ಮತ್ತು ಮೇಲಿದ್ದರೆ 5ರಿಂದ 9. ಒಂದೇ ಮಗು ಇರುವ ಬಸಿರಿಗೆ ಈ ಲೆಕ್ಕ. 23–25ರ ನಡುವಿನವರು ಮೇಲಿನ ತುದಿಯ 16ಕ್ಕೆ ಹೋಗದೆ 11–12ರ ಆಸುಪಾಸಿನಲ್ಲಿ ನಿಲ್ಲುವುದು ಲೇಸು ಎನ್ನುವುದು ನಮ್ಮ ಅಭಿಪ್ರಾಯ. ನರ್ಸಮ್ಮ ಹೇಳುವ 9–11 ಕಿಲೋ ಸರ್ಕಾರಿ ಮಾರ್ಗಸೂಚಿಯ ಅಂಕಿ, ತಿಂಗಳಿಗೆ ಎರಡು ಕಿಲೋ ಎನ್ನುವುದೂ ಅಲ್ಲಿಯದೇ.

ಮೊದಲ ಮೂರು ತಿಂಗಳಲ್ಲಿ ಅರ್ಧದಿಂದ ಎರಡು ಕಿಲೋ ಸಾಕು. ಆಮೇಲೆ ವಾರಕ್ಕೆ ಬಡಕಲಿದ್ದವರಿಗೆ ಅರ್ಧ ಕಿಲೋ, ಸಾಧಾರಣ ತೂಕದವರಿಗೆ 400 ಗ್ರಾಂ, ಹೆಚ್ಚು ತೂಕದವರಿಗೆ 300, ಬೊಜ್ಜಿದ್ದವರಿಗೆ 200 ಗ್ರಾಂ.

ಏರಿದ್ದೆಲ್ಲ ಮಗುವಲ್ಲ. ಹನ್ನೆರಡೂವರೆ ಕಿಲೋ ಏರಿದರೆ ಅದರಲ್ಲಿ ಮಗು ಮೂರು, ಮೂರೂವರೆ ಕಿಲೋ. ಮಾಸು, ಗರ್ಭದ ನೀರು, ದೊಡ್ಡದಾದ ಗರ್ಭಕೋಶ ಸೇರಿ ಎರಡೂವರೆ ಕಿಲೋ ಹತ್ತಿರ. ಹೆಚ್ಚಿದ ರಕ್ತ ಒಂದೂಕಾಲು ಕಿಲೋ, ಮೈಯ ನೀರು ಮತ್ತು ಎದೆ ಸೇರಿ ಇನ್ನೆರಡು ಕಿಲೋ. ಉಳಿದ ಮೂರು ಕಿಲೋ ಚಿಲ್ಲರೆ ತಾಯಿಯ ಕೊಬ್ಬು, ಹಾಲೂಡಿಸಲು ಮೈ ಕೂಡಿಟ್ಟ ಬುತ್ತಿ. ಲೆಕ್ಕಕ್ಕಿಂತ ಜಾಸ್ತಿ ಏರಿದ್ದು ಬಹುಪಾಲು ಈ ಕೊನೆಯ ಖಾತೆಗೇ ಜಮೆ ಆಗುತ್ತದೆ.

ಬಟ್ಟಲಿನಲ್ಲಿ ಏನು

"ಇಬ್ಬರ ಊಟ ಉಣ್ಣು" ಎನ್ನುವ ಅತ್ತೆ, "ಜಾಸ್ತಿ ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ" ಎನ್ನುವ ಅಜ್ಜಿ, ಒಂದೇ ಮನೆಯಲ್ಲಿ ಇಬ್ಬರೂ ಸಿಗುತ್ತಾರೆ. ಇಬ್ಬರ ಮಾತೂ ಬೇಡ. ನಾಲ್ಕನೇ ತಿಂಗಳಿನಿಂದ ದಿನಕ್ಕೆ ಹೆಚ್ಚುವರಿ ಬೇಕಿರುವುದು 350 ಕ್ಯಾಲರಿ, ಕೊನೆಯ ಮೂರು ತಿಂಗಳಲ್ಲಿ ಪ್ರೋಟೀನ್ 22 ಗ್ರಾಂ ಹೆಚ್ಚು. ಒಂದು ಮೊಟ್ಟೆ, 200 ಮಿ.ಲೀ. ಹಾಲು, 30 ಗ್ರಾಂ ಹುರಿದ ಶೇಂಗಾ, ಇಷ್ಟಕ್ಕೇ 350ರ ಹತ್ತಿರ ಕ್ಯಾಲರಿಯೂ 20 ಗ್ರಾಂನಷ್ಟು ಪ್ರೋಟೀನೂ ಬಂತು. ಅದೇ 350 ಕ್ಯಾಲರಿಯನ್ನು ಇನ್ನೊಂದು ಬಟ್ಟಲು ಕುಚ್ಚಲಕ್ಕಿ ಗಂಜಿಯಿಂದಲೋ ಜೋನಿಬೆಲ್ಲ ಸುರಿದ ತೆಳ್ಳೇವಿನಿಂದಲೋ ತುಂಬಿಸಿದರೆ ತೂಕ ಏರುತ್ತದೆ, ಮಗುವಿನ ಮಾಂಸಖಂಡಕ್ಕೆ ಬೇಕಾದ ಸಾಮಾನು ಸಿಗುವುದಿಲ್ಲ.

ಕರಾವಳಿಯವರಿಗೆ ಈ ವಿಷಯದಲ್ಲಿ ಅನುಕೂಲ ಜಾಸ್ತಿ. 100 ಗ್ರಾಂ ಬಂಗಡೆಯಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನ್ ಇದೆ. ಬಂಗಡೆ, ತಾರ್ಲೆಯಂಥ ಸಣ್ಣ ಮೀನುಗಳಲ್ಲಿ ಪಾದರಸ ಕಡಿಮೆ, ವಾರಕ್ಕೆ ಎರಡು ಮೂರು ಸಲ ತಿನ್ನಬಹುದು. ಶಾರ್ಕ್ ಬೇಡ, ದೊಡ್ಡ ಇಸ್ವಣ ಅಪರೂಪಕ್ಕೆ ಸಾಕು. ಹುರಿದದ್ದಕ್ಕಿಂತ ಸಾರಿನ ಮೀನು ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಮನೆಮನೆಯಲ್ಲೂ ಒಣಮೀನು, ಅದರ ಉಪ್ಪು ಬಿಪಿ ಇರುವವರಿಗೆ ಆಗದು. ಆ ಎರಡು ತಿಂಗಳು ಮೊಟ್ಟೆ, ಹೆಸರುಕಾಳು, ಕಡಲೆ ಹೆಚ್ಚಿಸಿ.

ಶಿರಸಿ, ಸಿದ್ದಾಪುರ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಕಷ್ಟ ಬೇರೆ. ಅನ್ನ, ಅಪ್ಪೆಹುಳಿ, ತಂಬುಳಿ, ಮೇಲೊಂದಿಷ್ಟು ಹಪ್ಪಳ: ಊಟ ರುಚಿ, ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಮಾತ್ರ ತೀರಾ ಕಡಿಮೆ. ದಿನಕ್ಕೆ 40 ಗ್ರಾಂ ಹೆಸರುಕಾಳು ನೆನೆಸಿ ಪಲ್ಯ ಮಾಡಿ, ಗಟ್ಟಿ ಮೊಸರು ಎರಡು ಹೊತ್ತು ಹಾಕಿಕೊಳ್ಳಿ. ಬಸಲೆ, ಹರಿವೆ ಹಿತ್ತಲಲ್ಲೇ ಇರುತ್ತವೆ.

ಕಬ್ಬಿಣದ ಮಾತ್ರೆ 180 ದಿನ, ಚಹಾದ ಜೊತೆ ಅಲ್ಲ. ಅದರಿಂದ ಮಗು ಕಪ್ಪಾಗುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಮಾತೃಪೂರ್ಣದ ಅಂಗನವಾಡಿ ಊಟದಲ್ಲಿ ಮೊಟ್ಟೆ, ಹಾಲು, ಚಿಕ್ಕಿ ಇರುತ್ತವೆ, ನಾಚಿಕೆಗೆ ಬಿಡಬೇಡಿ.

ಶುಗರ್ ಪರೀಕ್ಷೆಯನ್ನು ತಪ್ಪಿಸಬೇಡಿ

ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಬಂದ ಸಕ್ಕರೆಯನ್ನು ನಿಭಾಯಿಸಲು ಮಗು ತಾನೇ ಇನ್ಸುಲಿನ್ ಹೆಚ್ಚು ಸುರಿಸುತ್ತದೆ, ಅದು ಕೊಬ್ಬು ಕಟ್ಟಿಸುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಶುರುವಾದ ಅಧ್ಯಯನದಲ್ಲಿ, ಬಸಿರಿನಲ್ಲಿ ಶುಗರ್ ಬಂದಿದ್ದ ತಾಯಂದಿರ ಹೆಣ್ಣುಮಕ್ಕಳಿಗೆ ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬು ಜಾಸ್ತಿ ಇತ್ತು.

75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ ಐದು ಹತ್ತು ನಿಮಿಷದೊಳಗೆ ಕುಡಿಯಬೇಕು, ಎರಡು ಗಂಟೆಯ ನಂತರ ರಕ್ತ. 140 ಅಥವಾ ಮೇಲೆ ಬಂದರೆ ಬಸಿರಿನ ಶುಗರ್. ಉಂಡು ಬಂದಿದ್ದರೂ ಮಾಡಬಹುದು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ. ಮೊದಲ ಭೇಟಿಯಲ್ಲಿ ಸರಿ ಬಂದರೂ 24–28 ವಾರದಲ್ಲಿ ಇನ್ನೊಮ್ಮೆ ಮಾಡಿಸಲೇಬೇಕು, ಹೆಚ್ಚಿನವರಿಗೆ ಶುಗರ್ ಕಾಣಿಸಿಕೊಳ್ಳುವುದು ಆಗಲೇ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ.

ಲೆಕ್ಕ ತಪ್ಪಿದಾಗ

ಮೊದಲ ತಿಂಗಳುಗಳಲ್ಲಿ ವಾಂತಿಯಿಂದ ಒಂದು ಕಿಲೋ ಇಳಿದರೆ ಗಾಬರಿ ಬೇಡ. ಇದ್ದ ತೂಕದ ನೂರಕ್ಕೆ ಐದು ಪಾಲು ಹೋದರೆ, ಅಂದರೆ 50 ಕಿಲೋದವರು ಎರಡೂವರೆ ಕಿಲೋ ಇಳಿದರೆ, ಆಸ್ಪತ್ರೆಗೆ ಹೋಗಿ. ಐದನೇ ತಿಂಗಳ ನಂತರ ತೂಕ ಏರದೆ ನಿಂತರೆ ಮೊದಲು ಕೆಲಸ ನೋಡಿ. ಇಡೀ ದಿನ ನಾಟಿ ಗದ್ದೆಯಲ್ಲಿ ಬಗ್ಗಿ ನಿಂತವರಿಗೆ, ರಾತ್ರಿ ಅಡಿಕೆ ಸುಲಿಯಲು ಕೂತು ಊಟದ ಹೊತ್ತು ತಪ್ಪಿಸಿದವರಿಗೆ ಉಂಡದ್ದೆಲ್ಲ ಅಲ್ಲೇ ಖರ್ಚು. ಹೊಟ್ಟೆಯ ಎತ್ತರ ಅಳೆಸಿ: 24ರಿಂದ 36 ವಾರದ ನಡುವೆ ಎಷ್ಟು ವಾರವೋ ಸುಮಾರು ಅಷ್ಟೇ ಸೆಂ.ಮೀ. ಇರಬೇಕು. ಕಡಿಮೆಯಿದ್ದರೆ ಬೆಳವಣಿಗೆಯ ಸ್ಕ್ಯಾನಿಂಗ್ ಬೇಕು.

ತಿಂಗಳಿಗೆ ಮೂರು ಕಿಲೋ ಮೀರಿ ಏರಿದರೆ ಅವಳಿ, ಶುಗರ್, ಬಿಪಿ ಮೂರನ್ನೂ ನೋಡಿಸಿ. ಒಂದೇ ವಾರದಲ್ಲಿ ಕಿಲೋ ದಾಟಿ ಏರಿ, ಮುಖ ಊದಿ, ತಲೆನೋವು, ಕಣ್ಣು ಮಂಜು ಇದ್ದರೆ ಅದು ಊಟದ ಕೊಬ್ಬಲ್ಲ, ನೀರು. ಬಿಪಿ 140/90 ಇದ್ದರೆ ಅದೇ ದಿನ ಆಸ್ಪತ್ರೆ. ಹೆಚ್ಚು ಏರಿಬಿಟ್ಟಿತೆಂದು ಬಸಿರಿನಲ್ಲಿ ಪಥ್ಯ ಹಿಡಿದು ಇಳಿಸಲು ಹೋಗಬೇಡಿ. ಏರಿಕೆಯ ವೇಗ ತಗ್ಗಿಸಿ, ಸಕ್ಕರೆ, ಬೇಕರಿ ತಿಂಡಿ ಬಿಡಿ, ದಿನಕ್ಕೆ ಅರ್ಧ ಗಂಟೆ ನಡೆಯಿರಿ.

ಮಗು ಹುಟ್ಟಿದ ಮೇಲೆ

ಪುಣೆಯ ಸುತ್ತಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ನವಜಾತ ಶಿಶುಗಳನ್ನು ಅಳೆದು ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳೊಂದಿಗೆ ಹೋಲಿಸಿತು. ಇಲ್ಲಿನವರ ಸರಾಸರಿ ತೂಕ 2.7 ಕಿಲೋ, ಅಲ್ಲಿನವರದ್ದು 3.5. ಹೊಟ್ಟೆಯ ಅಂಗಗಳು, ಮಾಂಸಖಂಡ ಎಲ್ಲ ಸಣ್ಣ, ಭುಜದ ಹಲಗೆಯ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಮ್ಮಿಯಾಗಿರಲಿಲ್ಲ. ಸಣ್ಣ ಮಗು ಅಂದರೆ ಕೊಬ್ಬಿಲ್ಲದ ಮಗು ಎನ್ನುವುದು ಇಲ್ಲೇ ಸುಳ್ಳಾಗುತ್ತದೆ.

ಅದಕ್ಕೇ ಎರಡೂವರೆ ಕಿಲೋಗಿಂತ ಕಡಿಮೆ ಹುಟ್ಟಿದ ಮಗುವನ್ನು ಬೇಗ ದುಂಡಗೆ ಮಾಡುವ ಹಟ ಬೇಡ. ಬರೀ ತೂಕ ಬರೆಸದೆ ಉದ್ದವನ್ನೂ ಅಳೆಸಿ, ಉದ್ದಕ್ಕೆ ತಕ್ಕ ತೂಕದ ಗೆರೆ ನೋಡಿ. ತೂಕದ ಗೆರೆ ಏರುತ್ತ ಉದ್ದದ ಗೆರೆ ಹಿಂದೆ ಉಳಿದರೆ ಸೇರುತ್ತಿರುವುದು ಹೆಚ್ಚಾಗಿ ಕೊಬ್ಬು. ಆರು ತಿಂಗಳು ಎದೆಹಾಲು ಮಾತ್ರ. ಸಕ್ಕರೆ ನೀರು ಬೇಡವೇ ಬೇಡ, ರಾಗಿ ಸರಿ ಆಮೇಲಿನ ಮಾತು. ಮೊದಲ ದಿನಗಳಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ತೂಕ ಇಳಿಯುವುದು ಸಹಜ, ಎರಡು ವಾರದೊಳಗೆ ಮರಳುತ್ತದೆ. ಆ ಇಳಿಕೆ ನೋಡಿ ಡಬ್ಬಿ ಹಾಲು ತರುವವರೇ ಹೆಚ್ಚು.

ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲರಿ ಹೆಚ್ಚು ಬೇಕು. 40–50 ಗ್ರಾಂನ ಒಂದು ಅಂಟಿನ ಉಂಡೆಯಲ್ಲೇ ಸುಮಾರು 200 ಇದೆ. ಬಾಣಂತಿಗೆ ಉಂಡೆ, ತುಪ್ಪ ಕೊಟ್ಟು ಸೊಪ್ಪು, ಬೇಳೆ, ಮೀನು ನಿಲ್ಲಿಸುವುದು ತಲೆಕೆಳಗಾದ ಪಥ್ಯ.

ಆರು ತಿಂಗಳಿಗೆ ತಾಯಿಯ ತೂಕ ಮತ್ತೆ ನೋಡಿ. ಬಸಿರಿಗೆ ಮೊದಲಿನದಕ್ಕಿಂತ ಐದು ಕಿಲೋ ಮೇಲೆಯೇ ಉಳಿದಿದ್ದರೆ ಎರಡನೇ ಮಗುವಿನ ಆರಂಭದ ಬಿಎಂಐ ಅಲ್ಲೇ ಎರಡು ಅಂಕ ಏರಿದ ಹಾಗೆ. ಹೆರಿಗೆಯಾಗಿ 24 ತಿಂಗಳು ಕಳೆದ ಮೇಲೆ ಮುಂದಿನ ಬಸಿರು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂತರಕ್ಕೆ ಕಾಪರ್-ಟಿ, ಅಂತರಾ ಚುಚ್ಚುಮದ್ದು ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಚುಚ್ಚುಮದ್ದಿನಿಂದ ಕೆಲವರಿಗೆ ತೂಕ ಏರುತ್ತದೆ, ಇಳಿಸುವ ಯೋಚನೆಯಲ್ಲಿರುವವರು ಕಾಪರ್-ಟಿ ಬಗ್ಗೆ ಮೊದಲು ಕೇಳಿ.