ಹೋಮ್ ರನ್ ಹೊಡೆಯುವ ಕ್ಯಾಚರ್ ಹುಡುಗನನ್ನು ಅಳೆಯುವ ಬಗೆ

ಸ್ಟಾಪ್‌ವಾಚಿನಲ್ಲಿ 2.45 ಸೆಕೆಂಡು ಬಂತು, ಬೇಸ್‌ಬಾಲಿನಲ್ಲಿ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಹುಡುಗನ ಚೆಂಡು ಎರಡನೇ ಬೇಸಿಗೆ ತಲುಪಲು. "ಈ ಹುಡುಗನ ತೋಳಲ್ಲಿ ಏನೂ ಇಲ್ಲ" ಅಂತ ಪಕ್ಕದಲ್ಲಿದ್ದ ಮಗಳಿಗೆ ಹೇಳಿದೆ. ನಾಲ್ಕು ದಿನದಿಂದ ಅದನ್ನೇ ಹೇಳುತ್ತಿದ್ದೆ. ಹಿಂದಿನ ಸಾಲಲ್ಲಿ ಮಡಿಲ ಮೇಲೆ ಸ್ಕೋರ್ ಪುಸ್ತಕ ಇಟ್ಟುಕೊಂಡು ಕೂತಿದ್ದ ಅಜ್ಜ ಒಬ್ಬರು ಭುಜ ತಟ್ಟಿದರು. ಗುಂಡಿ ಒತ್ತಬೇಕಾದ್ದು ಚೆಂಡೆಸೆಯುವ ಪಿಚರ್ ಕೈಯಿಂದ ಚೆಂಡು ಬಿಟ್ಟಾಗ ಅಲ್ಲ, ಕ್ಯಾಚರ್ ಮಿಟ್ಟಿಗೆ, ಅಂದರೆ ಗ್ಲೌಸಿಗೆ, ಅದು ಬಡಿದಾಗ, ಅಂದರು. ಚೆಂಡು ಪಿಚರ್‌ನಿಂದ ಕ್ಯಾಚರ್‌ಗೆ ಬರಲು ಸುಮಾರು ಅರ್ಧ ಸೆಕೆಂಡು ಬೇಕಲ್ಲ, ಅಷ್ಟನ್ನೂ ಪಾಪ ಆ ಹುಡುಗನ ಲೆಕ್ಕಕ್ಕೆ ಬರೆದಿದ್ದೆ. ಕಳೆದು ನೋಡಿದರೆ ಎರಡು ಸೆಕೆಂಡು, ಅಂದರೆ ಅಮೆರಿಕದ ಅತಿ ಮೇಲಿನ ಹಂತವಾದ ಮೇಜರ್ ಲೀಗಿನ ಸರಾಸರಿ ಕ್ಯಾಚರ್‌ಗೆ ಸಮ.

ಗೋಣಿಕೊಪ್ಪದ ಕಡೆಯವನು ನಾನು. ಮೂವತ್ತು ವರ್ಷ ಪಿ.ಟಿ. ಮಾಸ್ಟರ್ ಆಗಿದ್ದೆ, ಅದಕ್ಕೂ ಮೊದಲು ವಿಕೆಟ್ ಕೀಪರ್. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲಂತೂ ನಮ್ಮೂರಲ್ಲಿ ಹುಡುಗರ ಕೈಗೆ ಸ್ಟಿಕ್ ಬಿಟ್ಟು ಬೇರೆ ಏನೂ ಹತ್ತುತ್ತಿರಲಿಲ್ಲ. ಗ್ಲೌಸ್ ಹಾಕಿಕೊಳ್ಳುವ ಮಕ್ಕಳನ್ನು ಹುಡುಕಿ ಹಿಡಿಯಬೇಕಿತ್ತು. ರಾಬಿನ್ ಉತ್ತಪ್ಪ ಮಿಂಚಿದ ಮೇಲೆ ಸ್ವಲ್ಪ ಸುಲಭವಾಯಿತು. ಅವರಪ್ಪ ಹಾಕಿಯವರು, ಮಗ ಬ್ಯಾಟು ಹಿಡಿದು ಕೀಪಿಂಗೂ ಮಾಡಿದ.

ಈಗ ಬೇಸ್‌ಬಾಲ್ ಹುಚ್ಚು. ಮಗಳ ಮನೆಗೆ ಹೋದಾಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಸ್ಟೇಡಿಯಂನಲ್ಲಿ ಹಿಡಿದದ್ದು ಊರಿಗೆ ಬಂದರೂ ಬಿಟ್ಟಿಲ್ಲ. ಅಲ್ಲಿ ಸಂಜೆ ಆರೂವರೆಗೆ ಪಂದ್ಯ ಶುರುವಾದರೆ ಇಲ್ಲಿ ಮಾರನೇ ದಿನ ಬೆಳಿಗ್ಗೆ ಏಳು. ಹಂಚಿನ ಮೇಲೆ ಮಳೆ, ಕೈಯಲ್ಲಿ ಕಾಫಿ, ಕರೆಂಟ್ ಇದ್ದಷ್ಟು ಹೊತ್ತು ನೋಡುತ್ತೇನೆ. ಅಮೆರಿಕದಲ್ಲಿ ಮಕ್ಕಳಿರುವ ಸ್ನೇಹಿತರು ಕೆಲವರು, ಮೇಜರ್ ಲೀಗಿಗೆ ಹುಡುಗರನ್ನು ತಯಾರು ಮಾಡುವ ಮೈನರ್ ಲೀಗಿನಲ್ಲಿ ಜೋರಾಗಿ ಹೊಡೆಯುವ ಕ್ಯಾಚರ್ ಹುಡುಗ ಮುಂದೆ ಏನಾದಾನು ಅಂತ ಹೇಗೆ ಗೊತ್ತು ಮಾಡಿಕೊಳ್ಳುತ್ತೀರಿ ಅಂತ ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹೋಮ್ ರನ್, ಅಂದರೆ ಚೆಂಡು ಬೇಲಿ ದಾಟಿದ್ದನ್ನು ಕಾಣಲು ಆಟಗಾರರನ್ನು ಅಳೆಯುವ ಸ್ಕೌಟ್ ಬೇಕಿಲ್ಲ, ಕಡಲೆಕಾಯಿ ಮಾರುವವನಿಗೂ ಕಾಣುತ್ತದೆ. ನೀವು ಉತ್ತರ ಹುಡುಕಬೇಕಾದ ಪ್ರಶ್ನೆ ಬೇರೆ: ಇವನು ಕ್ಯಾಚರ್ ಆಗಿಯೇ ಉಳಿಯುತ್ತಾನಾ? ಕೂತು ಏಳುವ, ಮೈಗೆ ಚೆಂಡು ಬಡಿಸಿಕೊಳ್ಳುವ ಈ ಜಾಗದಲ್ಲಿ ನಿಂತು ವರ್ಷಕ್ಕೆ 25 ಹೋಮ್ ರನ್ ಹೊಡೆಯುವವರು ಕಡಿಮೆ. ಅದೇ 25 ಹೊಡೆಯುವವನು ಮೊದಲ ಬೇಸಿಗೆ ಫೀಲ್ಡಿಂಗಿಗೆ ಹೋಗಿ ನಿಂತರೆ, ಅಲ್ಲಿ ಅವನಂಥವರು ಸಾಲುಗಟ್ಟಿ ಇರುತ್ತಾರೆ. ಕಾರ್ಲೊಸ್ ಡೆಲ್ಗಾಡೊ ಕ್ಯಾಚರ್ ಆಗಿ ಶುರು ಮಾಡಿ ಮೊದಲ ಬೇಸಿಗೆ ಹೋದವರು. ಅವರು 473 ಹೊಡೆದರು, ಹಾಗಾಗಿ ಬಚಾವಾದರು. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ 2014ರ ಡ್ರಾಫ್ಟಿನಲ್ಲಿ ನಾಲ್ಕನೆಯವರಾಗಿ ಆಯ್ಕೆಯಾದ ಕೈಲ್ ಶ್ವಾರ್ಬರ್ ಕಾಲೇಜಿನಲ್ಲಿ ಕ್ಯಾಚರ್, ಆಮೇಲೆ ಔಟ್‌ಫೀಲ್ಡ್. ಬ್ರೈಸ್ ಹಾರ್ಪರ್ ಬ್ಯಾಟು ಬೇಗ ಮೇಲಕ್ಕೆ ಬರಲಿ, ಮಂಡಿ ಉಳಿಯಲಿ ಅಂತ 2010ರಲ್ಲಿ ತಂಡದವರೇ ಅವರನ್ನು ಬ್ಯಾಟರ್ ಮುಂದಿರುವ ಪ್ಲೇಟಿನ ಹಿಂದಿನಿಂದ ಎಬ್ಬಿಸಿಬಿಟ್ಟರು. ಉಲ್ಟಾ ಉದಾಹರಣೆ ಮೈಕ್ ಪಿಯಾಝಾ. 1988ರಲ್ಲಿ 62ನೇ ಸುತ್ತಿನಲ್ಲಿ, ಹೆಚ್ಚುಕಮ್ಮಿ ದಾಕ್ಷಿಣ್ಯಕ್ಕೆ ತೆಗೆದುಕೊಂಡ ಮೊದಲ ಬೇಸಿನ ಹುಡುಗನನ್ನು ಕ್ಯಾಚರ್ ಮಾಡಿದರು. ಒಟ್ಟು 427 ಹೋಮ್ ರನ್, ಕೊನೆಗೆ ಹಾಲ್ ಆಫ್ ಫೇಮ್.

ಈ ಪ್ರಶ್ನೆಯ ಬೆಲೆ ನನಗೆ ಗೊತ್ತಾದದ್ದು ಬೇಸ್‌ಬಾಲಿನಿಂದ ಅಲ್ಲ. ಒಂದು ವರ್ಷ ತಾಲೂಕು ತಂಡಕ್ಕೆ ಕೀಪರ್ ಆರಿಸುವ ಕೆಲಸ ನನಗೆ ಬಂತು. ಟ್ರಯಲ್ಸ್‌ನಲ್ಲಿ ಒಬ್ಬ ಹುಡುಗ ಮೂರು ಚೆಂಡನ್ನು ಮೈದಾನದ ಆಚೆ ಕಾಫಿ ಗಿಡದೊಳಗೆ ಹಾಕಿದ. ನಾವು ಹುಡುಕಿಕೊಂಡು ಬಂದದ್ದು ಎರಡೇ. ಅಲ್ಲೇ ಹೆಸರು ಬರೆದುಬಿಟ್ಟೆ, ಕೀಪಿಂಗ್ ನೋಡಲೇ ಇಲ್ಲ. ಫೈನಲ್ಲಿನಲ್ಲಿ ಮ್ಯಾಟಿನ ಮೇಲೆ ಚೆಂಡು ಪುಟಿಯುತ್ತಿದ್ದರೆ ಅವನು ಮುಖ ತಿರುಗಿಸುತ್ತಿದ್ದ. ಬೈ ರನ್ನೇ 23, ಸೋತದ್ದು 9 ರನ್ನಿಗೆ. ಅಂದಿನಿಂದ ಬ್ಯಾಟನ್ನು ಕೊನೆಗೆ ನೋಡುವ ಅಭ್ಯಾಸ.

ಒಂದು ಪಂದ್ಯ ನೋಡಿ ತೀರ್ಪು ಕೊಡಬೇಡಿ. ಈಗ ಮೈನರ್ ಲೀಗಿನಲ್ಲಿ ಒಂದೇ ಎದುರಾಳಿಯ ಜೊತೆ ಮಂಗಳವಾರದಿಂದ ಭಾನುವಾರದವರೆಗೆ ಆರು ಪಂದ್ಯ, ಸೋಮವಾರ ರಜೆ. ಆ ಆರನ್ನೂ ನೋಡಿ. ಹುಡುಗ ಅದರಲ್ಲಿ ಮೂರೋ ನಾಲ್ಕೋ ದಿನ ಪ್ಲೇಟಿನ ಹಿಂದೆ ಕೂರುತ್ತಾನೆ, ಒಂದು ದಿನ ಬರೀ ಬ್ಯಾಟ್ ಮಾಡುತ್ತಾನೆ. ಮೈದಾನದಲ್ಲಿದ್ದರೆ ಒಂದು ದಿನ ಹೋಮ್ ಪ್ಲೇಟಿನ ಹಿಂದೆ, ಇನ್ನೊಂದು ದಿನ ಮೊದಲ ಬೇಸಿನ ಕಡೆ ಕೂರಿ. ಬಲಗೈ ಬ್ಯಾಟರ್‌ನ ಎದೆ, ಸೊಂಟ, ಕೈ ಮೂರೂ ಅಲ್ಲಿಂದ ನೇರ ಎದುರಿಗೇ ಕಾಣುತ್ತವೆ. ಪಂದ್ಯಕ್ಕೆ ಮುಂಚಿನ ಬ್ಯಾಟಿಂಗ್ ಅಭ್ಯಾಸಕ್ಕೂ ಹೋಗಿ, ಆದರೆ ಮರುಳಾಗಬೇಡಿ. ಕೋಚ್ ಎಸೆದ ಸಾದಾ ಚೆಂಡನ್ನು ಆಕಾಶಕ್ಕೆ ಅಟ್ಟಿ ರಾತ್ರಿ ಪಂದ್ಯದಲ್ಲಿ ತಣ್ಣಗಾಗುವವರಿಗೆ ಅವರು 'ಐದು ಗಂಟೆಯ ಬ್ಯಾಟರ್' ಅಂತ ಹೆಸರಿಟ್ಟಿದ್ದಾರೆ. ಅಭ್ಯಾಸದಲ್ಲಿ ಕಾಣುವುದು ತೋಳ್ಬಲ ಮಾತ್ರ.

ಇನ್ನು ಮಣ್ಣಿಗೆ ಬಿದ್ದ ಚೆಂಡು. ನನ್ನ ಮಟ್ಟಿಗೆ ಅರ್ಧ ಪರೀಕ್ಷೆ ಇದೇ. ಸ್ಯಾನ್ ಹೋಸೆಯಲ್ಲಿ ನಾನು ಅನ್ಯಾಯ ಮಾಡಿದ್ದೆನಲ್ಲ, ಅದೇ ಹುಡುಗ. ಹತ್ತೊಂಬತ್ತು ವರ್ಷ, ತೊಡೆ ನಮ್ಮ ಹಲಸಿನ ಕಾಂಡದ ಹಾಗೆ. ಏಳನೇ ಇನಿಂಗ್ಸ್, ಎದುರಾಳಿಯ ಓಟಗಾರ ಮೂರನೇ ಬೇಸಿನಲ್ಲಿ. ಸ್ಲೈಡರ್, ಅಂದರೆ ಕೊನೆಗೆ ಪಕ್ಕಕ್ಕೆ ಜಾರುವ ಚೆಂಡು, ಪ್ಲೇಟಿನ ಮುಂದೆ ಒಂದಡಿ ದೂರದಲ್ಲೇ ಮಣ್ಣಿಗೆ ಬಿತ್ತು. ಹುಡುಗ ಅದನ್ನು ಹಿಡಿಯಲು ಹೋಗಲೇ ಇಲ್ಲ. ಮಿಟ್ಟು ಮೊದಲು ನೆಲ ಮುಟ್ಟಿತು, ಹಿಂದೆಯೇ ಎರಡು ಮಂಡಿ, ಗದ್ದ ಎದೆಗೆ, ಭುಜ ಎರಡೂ ಮುಂದಕ್ಕೆ ಬಾಗಿ ಮೊರದ ಹಾಗೆ. ಚೆಂಡು ಎದೆಕವಚಕ್ಕೆ ಬಡಿದು ಅವನ ಮುಂದೆಯೇ ಸತ್ತು ಬಿತ್ತು. ಓಟಗಾರ ಎರಡು ಹೆಜ್ಜೆ ಬಂದು ವಾಪಸ್ ಹೋದ.

ನನ್ನ ಹಾಗೆ ಕ್ರಿಕೆಟ್‌ನಿಂದ ಬಂದವರಿಗೆ ಇದು ಒಗ್ಗುವುದಿಲ್ಲ. ಕೀಪರ್ ಅಂದರೆ ಹಿಡಿಯಬೇಕು. ಇಲ್ಲಿ ಹಿಡಿಯುವ ಆಸೆಯೇ ಕೆಡಿಸುತ್ತದೆ. ಹಾಕಿ ಗೋಲಿಯನ್ನು ನೆನೆಸಿಕೊಳ್ಳಿ, ಅವನು ಚೆಂಡಿಗೆ ಮೈ ಒಡ್ಡುತ್ತಾನೆ, ಪ್ಯಾಡಿಗೆ ತಾಗಿದ್ದು ಎಲ್ಲಿ ಬೀಳಬೇಕು ಅಂತ ಯೋಚಿಸುತ್ತಾನೆ. ಕ್ಯಾಚರ್ ಅವನ ಅಣ್ಣ. ಅದೇ ಹುಡುಗ ಒಂಬತ್ತನೇ ಇನಿಂಗ್ಸಿನಲ್ಲಿ ಅಂಥದ್ದೇ ಚೆಂಡಿಗೆ ಕೂತಲ್ಲಿಂದಲೇ ಮಿಟ್ಟು ಬೀಸಿದ, ಚೆಂಡು ಹಿಂದಿನ ಗೋಡೆಗೆ ಹೋಯಿತು. ಬ್ಯಾಟಿಂಗಿನ ಹಿಂದಿನ ಸರದಿಯಲ್ಲಿ ಹೊಡೆಯಲಾಗದೆ ಸ್ಟ್ರೈಕ್‌ಔಟ್ ಆಗಿದ್ದ, ತಲೆ ಇನ್ನೂ ಅಲ್ಲೇ ಇತ್ತೋ, ಮಂಡಿ ಸೋತಿತ್ತೋ. ಎರಡನ್ನೂ ಬರೆದುಕೊಂಡೆ. ನೀವೂ ಇನಿಂಗ್ಸ್ ಸಂಖ್ಯೆ ಸಮೇತ ಬರೆಯಿರಿ, ತಡವಾದ ತಪ್ಪುಗಳು ಸುಸ್ತಿನ ಲೆಕ್ಕ ಹೇಳುತ್ತವೆ.

ಎಸೆತದ ಲೆಕ್ಕ ಹೀಗೆ. ಮಿಟ್ಟಿನ ಸದ್ದಿಗೆ ವಾಚ್ ಒತ್ತಿ, ಎರಡನೇ ಬೇಸಿನಲ್ಲಿರುವವನ ಗ್ಲೌಸಿಗೆ ಚೆಂಡು ತಲುಪಿದಾಗ ನಿಲ್ಲಿಸಿ. 127 ಅಡಿ ಚಿಲ್ಲರೆ ದೂರ. 1.9 ಬಂದರೆ ಬಹಳ ಚೆನ್ನ, 2.0 ಪರವಾಗಿಲ್ಲ, 2.1 ದಾಟಿದರೆ ಕಳ್ಳರಿಗೆ, ಅಂದರೆ ಪಿಚರ್ ಎಸೆಯುವಾಗಲೇ ಮುಂದಿನ ಬೇಸಿಗೆ ಓಡಿ ಅದನ್ನು ಕದಿಯುವವರಿಗೆ, ಹಬ್ಬ. ಇನಿಂಗ್ಸುಗಳ ನಡುವಿನ ಅಭ್ಯಾಸದ ಎಸೆತ ಲೆಕ್ಕಕ್ಕಿಲ್ಲ, ಓಟಗಾರ ನಿಜವಾಗಿ ಓಡಿದಾಗಿನದು ಮಾತ್ರ. ಪಿಚರ್ ಎಷ್ಟು ಹೊತ್ತು ತೆಗೆದುಕೊಂಡ ಅನ್ನುವುದನ್ನೂ ಬೇರೆಯಾಗಿ ಅಳೆಯಿರಿ. ಮೊದಲ ಚಲನೆಯಿಂದ ಮಿಟ್ಟಿನವರೆಗೆ 1.3 ಇದ್ದರೆ ಸರಿ. 1.6 ಇದ್ದರೆ ಬೇಸ್ ಕದ್ದದ್ದು ಪಿಚರ್ ತಪ್ಪು, ಬೈಗುಳ ಮಾತ್ರ ಕ್ಯಾಚರ್‌ಗೆ. ತೋಳಿಗಿಂತ ಕಾಲು ನೋಡಿ. ಬಲವಾದ ತೋಳಿದ್ದೂ ಎರಡು ಹೆಜ್ಜೆ ಕುಣಿದು ಎಸೆಯುವವನಿಗಿಂತ, ಸಾಧಾರಣ ತೋಳಿದ್ದು ಚೆಂಡು ಬರುವಷ್ಟರಲ್ಲೇ ಬಲಗಾಲು ಸರಿಸಿಕೊಂಡವನ ಎಸೆತ ಮೊದಲು ತಲುಪುತ್ತದೆ. 2023ರಿಂದ ಮೇಜರ್ ಲೀಗಿನಲ್ಲಿ ಬೇಸ್ ಹದಿನೈದು ಇಂಚಿನಿಂದ ಹದಿನೆಂಟಕ್ಕೆ ದೊಡ್ಡದಾಗಿದೆ, ಪಿಚರ್ ಓಟಗಾರನನ್ನು ಹೆದರಿಸಲು ಬೇಸಿಗೆ ಎಸೆಯುವುದಕ್ಕೂ ಮಿತಿ ಬಂದಿದೆ. ಹಾಗಾಗಿ ಕದಿಯುವವರು ಜಾಸ್ತಿ.

ಚೆಂಡು ತೆಗೆದುಕೊಳ್ಳುವ ರೀತಿ ಸೂಕ್ಷ್ಮ. ಅಂಚಿನ ಚೆಂಡನ್ನು ಅಲ್ಲಾಡದ ಮಿಟ್ಟಿನಲ್ಲಿ ಮೆಲ್ಲಗೆ ಒಳಕ್ಕೆ ತಂದು ಅಂಪೈರ್‌ಗೆ ಸ್ಟ್ರೈಕ್, ಅಂದರೆ ಪ್ಲೇಟಿನ ಮೇಲೆ ಸರಿಯಾದ ಎತ್ತರದಲ್ಲಿ ಬಂದ ಚೆಂಡು, ಅನಿಸುವಂತೆ ತೋರಿಸುವ ಕಲೆ ಇದು. ಕೆಳಗಿನ ಚೆಂಡಿಗೆ ಮಿಟ್ಟು ಕೆಳಗಿನಿಂದ ಮೇಲಕ್ಕೆ ಬರಬೇಕು, ಮೇಲಿನಿಂದ ಕುಕ್ಕಿದರೆ ಎಂಥ ಒಳ್ಳೆಯ ಚೆಂಡೂ 'ಬಾಲ್', ಅಂದರೆ ಸ್ಟ್ರೈಕ್ ಅಲ್ಲದ ಚೆಂಡು, ಆಗುತ್ತದೆ. ಈಗ ಈ ಕಲೆಯ ಬೆಲೆ ಬದಲಾಗುತ್ತಿದೆ. ಮೈನರ್ ಲೀಗಿನಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿದ, ಅಂಪೈರ್ ಕೊಟ್ಟ ಬಾಲ್-ಸ್ಟ್ರೈಕ್ ತೀರ್ಪನ್ನು ಕ್ಯಾಮೆರಾದಿಂದ ಪರಿಶೀಲಿಸುವಂತೆ ಕೇಳುವ ಚಾಲೆಂಜ್ ಪದ್ಧತಿಯನ್ನು 2026ರಿಂದ ಮೇಜರ್ ಲೀಗಿಗೂ ತಂದರು. ತಂಡಕ್ಕೆ ಎರಡು ಚಾಲೆಂಜ್, ಗೆದ್ದರೆ ಅದು ಉಳಿಯುತ್ತದೆ. ಬ್ಯಾಟರ್, ಪಿಚರ್, ಕ್ಯಾಚರ್ ಈ ಮೂವರಿಗೆ ಮಾತ್ರ ತಲೆ ತಟ್ಟಿ ಕೇಳುವ ಹಕ್ಕು. ಡಿಆರ್‌ಎಸ್ ಕೇಳುವ ಮುಂಚೆ ಎಲ್ಲರೂ ಧೋನಿ ಮುಖ ನೋಡುತ್ತಿದ್ದರಲ್ಲ, ಆ ಕೆಲಸ. ಚಾಲೆಂಜ್ ಇರುವ ಲೀಗಿನಲ್ಲಿ ನಿಮ್ಮ ಹುಡುಗ ಆಡುತ್ತಿದ್ದರೆ ಎಷ್ಟು ಸಲ ಕೇಳಿದ, ಎಷ್ಟು ಗೆದ್ದ, ಎರಡನೇ ಇನಿಂಗ್ಸಿನಲ್ಲೇ ಸಿಟ್ಟಿಗೆ ಎರಡನ್ನೂ ಕಳೆದನಾ ಅಂತ ಬರೆದಿಡಿ.

ಪಿಚರ್ ಜೊತೆ ಅವನ ಒಡನಾಟವನ್ನೂ ಗಮನಿಸಿ. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಹುಡುಗರು ಕೆಳ ಲೀಗುಗಳಲ್ಲಿ ತುಂಬ. ಸ್ಪ್ಯಾನಿಷ್ ಇಂಗ್ಲಿಷ್ ಎರಡರಲ್ಲೂ ಸಮಾಧಾನ ಹೇಳಬಲ್ಲ ಕ್ಯಾಚರ್‌ಗೆ ತಂಡದಲ್ಲಿ ತೂಕ ಬೇರೆ.

ಈಗ ಬ್ಯಾಟು. ಎಷ್ಟು ದೂರ ಹೊಡೆದ ಅನ್ನುವುದಕ್ಕಿಂತ ಯಾವುದನ್ನು ಬಿಟ್ಟ ಅನ್ನುವುದು ಮುಖ್ಯ. ಹೊರಗೆ ಜಾರುವ ಸ್ಲೈಡರ್ ಬೆನ್ನು ಹತ್ತುವುದು ಎಲ್ಲ ಹುಡುಗರ ರೋಗ, ವಾಸಿಯಾಗುತ್ತದೆ. ನಡುಮಧ್ಯೆ ಬಂದ ವೇಗದ ಚೆಂಡಿಗೇ ಬ್ಯಾಟು ತಡವಾದರೆ ಅದು ಬೇರೆ ಕಾಯಿಲೆ. ತಗುಲಿದ ಚೆಂಡು ಗಂಟೆಗೆ 95 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 153 ಕಿಲೋಮೀಟರ್ ದಾಟಿದರೆ ಅದನ್ನು ಅವರು 'ಗಟ್ಟಿ ಹೊಡೆತ' ಅಂತ ಎಣಿಸುತ್ತಾರೆ. ನೇರವಾಗಿ ಫೀಲ್ಡರ್ ಕೈಗೆ ಹೋದರೂ ಅದನ್ನು ಒಳ್ಳೆಯದರ ಪಟ್ಟಿಗೆ ಸೇರಿಸಿ. ಕೆಳ ಹಂತದಲ್ಲೇ ನೂರು ಸರದಿಗೆ ಮೂವತ್ತು ಸಲ ಸ್ಟ್ರೈಕ್‌ಔಟ್ ಆಗುವವನನ್ನು ಕಂಡರೆ, ಹೋಮ್ ರನ್ ಎಷ್ಟೇ ಇರಲಿ, ನಾನು ಹಿಂದೇಟು ಹಾಕುತ್ತೇನೆ.

ಬಳ್ಳಿಯ ಮೇಲೆಯೇ ಮೆಣಸಿನ ಫಸಲು ಕೊಳ್ಳಲು ಬರುವ ವ್ಯಾಪಾರಿ ರಸ್ತೆ ಬದಿಯ ಬಳ್ಳಿ ನೋಡಿ ದರ ಹೇಳುವುದಿಲ್ಲ. ಒಳಗೆ, ನೆರಳು ದಟ್ಟವಾಗಿರುವ ಕಡೆ ಹೋಗಿ ಬುಡದಲ್ಲಿ ನಿಂತು ಕತ್ತೆತ್ತುತ್ತಾನೆ. ನಾನೂ ಹುಡುಗ ನಾಲ್ಕು ಸಲ ಬ್ಯಾಟ್ ಹಿಡಿದು ಒಂದೂ ಹಿಟ್ ಸಿಗದ ದಿನವನ್ನೇ ಎರಡು ಸಲ ನೋಡುತ್ತೇನೆ. ಆ ದಿನ ನಾಲ್ಕು ಬಾಲ್ ಬಿಟ್ಟು ಮೊದಲ ಬೇಸಿಗೆ ಹೋಗುವ ವಾಕ್ ಗಳಿಸಿದನಾ, ಪ್ಲೇಟಿನ ಹಿಂದೆ ಕೆಲಸ ಸಡಿಲ ಬಿಟ್ಟನಾ?

ಅಂಕಿಗಳನ್ನು ನಂಬುವ ಮುಂಚೆ ವಯಸ್ಸು, ಹಂತ, ಊರು ಮೂರನ್ನೂ ಕೇಳಿ. 2021ರ ಪುನರ್ರಚನೆಯ ನಂತರ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಅಂತ ನಾಲ್ಕು ಮೆಟ್ಟಿಲು, ಒಂದೊಂದರಲ್ಲಿ 30 ತಂಡ. ಹತ್ತೊಂಬತ್ತರ ಹುಡುಗ ಸಿಂಗಲ್-ಎಯಲ್ಲಿ ಹೊಡೆಯುವುದಕ್ಕೂ, ಕಾಲೇಜು ಮುಗಿಸಿದ ಇಪ್ಪತ್ಮೂರರವನು ಅಲ್ಲೇ ಹೊಡೆಯುವುದಕ್ಕೂ ಹೋಲಿಕೆಯೇ ಇಲ್ಲ. ಡಬಲ್-ಎಯಲ್ಲಿ ಪಿಚರ್‌ಗಳು ತಿರುಗುವ ಚೆಂಡನ್ನು ಬೇಕೆಂದಾಗ ಸ್ಟ್ರೈಕಿಗೆ ಹಾಕಬಲ್ಲರು, ನಿಜವಾದ ಪರೀಕ್ಷೆ ಅಲ್ಲಿ. ಊರಿನ ವಿಷಯಕ್ಕೆ ಬಂದರೆ, ಟ್ರಿಪಲ್-ಎ ತಂಡವಿರುವ ಆಲ್ಬುಕರ್ಕಿ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರ, ನಮ್ಮ ಮಡಿಕೇರಿಗಿಂತ ನಾನೂರು ಮೀಟರ್ ಮೇಲೆ. ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. ಅಲ್ಲಿನ 25 ಹೋಮ್ ರನ್ನಿಗೆ ಸ್ವಲ್ಪ ಕಡಿತ ಮಾಡಿಕೊಳ್ಳಿ.

ಮೈಕಟ್ಟು ನೋಡಿ ಮೂಗು ಮುರಿಯಬೇಡಿ. ಸಿಯಾಟಲ್‌ನ ಕಾಲ್ ರಾಲಿ 2018ರಲ್ಲಿ ಮೂರನೇ ಸುತ್ತಿನಲ್ಲಿ ಆಯ್ಕೆಯಾದವರು. ಹಿಂಭಾಗದ ಗಾತ್ರಕ್ಕೆ ಜನ ಅವರಿಗೆ ಅಡ್ಡಹೆಸರು ಇಟ್ಟಿದ್ದಾರೆ, ನಾನು ಇಲ್ಲಿ ಬರೆಯುವುದಿಲ್ಲ. 2024ರಲ್ಲಿ ರಕ್ಷಣೆಗೆ ಪ್ಲಾಟಿನಂ ಗ್ಲೌ ಗೆದ್ದರು, 2025ರಲ್ಲಿ 60 ಹೋಮ್ ರನ್ ಹೊಡೆದರು. ಅವರಿಗಿಂತ ಮೊದಲು ಯಾವ ಕ್ಯಾಚರೂ ಒಂದು ವರ್ಷದಲ್ಲಿ 50 ಮುಟ್ಟಿರಲಿಲ್ಲ.

ಕೊನೆಗೆ ಅಂಕ. ಅಲ್ಲಿನವರು 20ರಿಂದ 80ರವರೆಗೆ ಕೊಡುತ್ತಾರೆ, 50 ಅಂದರೆ ಮೇಜರ್ ಲೀಗಿನ ಸರಾಸರಿ. ಪ್ರತಿಯೊಂದಕ್ಕೂ ಎರಡು ಅಂಕ ಬರೆಯಬೇಕು, ಇವತ್ತಿನದು ಮತ್ತು ಮುಂದೆ ಆಗಬಹುದಾದದ್ದು. ಕ್ಯಾಚರ್‌ಗಳು ತಡವಾಗಿ ಮಾಗುತ್ತಾರೆ, ಆದ್ದರಿಂದ ಎರಡರ ನಡುವಿನ ಅಂತರ ದೊಡ್ಡದಿದ್ದರೆ ಗಾಬರಿ ಬೇಡ. ಬೇಗ ಮಾಗಿದವರೂ ಇದ್ದಾರೆ. ಎರಡನೇ, ಮೂರನೇ ಬೇಸಿನ ನಡುವೆ ಫೀಲ್ಡಿಂಗ್ ಮಾಡುವ ಶಾರ್ಟ್‌ಸ್ಟಾಪ್ ಆಗಿದ್ದು ಕಾಲೇಜಿನಲ್ಲಿ ಕ್ಯಾಚರ್ ಆದ ಬಸ್ಟರ್ ಪೋಸಿ 2009ರಲ್ಲಿ ನಾನು ಕೂತ ಅದೇ ಸ್ಯಾನ್ ಹೋಸೆ ಮೈದಾನದಲ್ಲಿ ಆಡಿದ್ದರು. ಮರುವರ್ಷ ಮೇಜರ್ ಲೀಗಿನ ಫೈನಲ್ ಆದ ವಿಶ್ವ ಸರಣಿ ಗೆದ್ದ ತಂಡದ ಕ್ಯಾಚರ್.

ಮನೆಯಿಂದ ನೋಡುವವರಿಗೆ ಒಂದು ಮಾತು. ಕ್ಯಾಮೆರಾ ಪಿಚರ್ ಬೆನ್ನ ಹಿಂದಿನಿಂದ ಇರುವುದರಿಂದ ಮಿಟ್ಟು, ಮಂಡಿ ಚೆನ್ನಾಗಿ ಕಾಣುತ್ತವೆ. ಆದರೆ ಓಟಗಾರ ಓಡಿದ ತಕ್ಷಣ ದೃಶ್ಯ ಬದಲಾಗಿ ಎಸೆತದ ಸಮಯ ಹಿಡಿಯುವುದು ಕಷ್ಟ. ಹಿಂದಕ್ಕೆ ಓಡಿಸಿ ಸದ್ದಿಗೇ ಕಿವಿ ಕೊಡಿ.

ಆ ಹುಡುಗನ ಬಗ್ಗೆ ನನ್ನ ಪುಸ್ತಕದಲ್ಲಿ ಹೀಗಿದೆ: ತೋಳು 50/55, ರಕ್ಷಣೆ 40/50, ಹೊಡೆತದ ಬಲ 55/60, ಬ್ಯಾಟಿಗೆ ಚೆಂಡು ಸಿಗುವುದು 35/45, ಓಟದ ಬಗ್ಗೆ ಮಾತಾಡುವುದು ಬೇಡ. ಕೆಳಗೆ ಪೆನ್ಸಿಲಿನಲ್ಲಿ, "ಕ್ಯಾಚರ್ ಆಗಿ ಉಳಿಯುತ್ತಾನೆ, ಮಂಡಿ ಕೇಳಿದರೆ." ಜುಲೈ ಕೊನೆಗೆ ಅರವತ್ತು ಎಪ್ಪತ್ತು ಪಂದ್ಯ ಕೂತ ಮೇಲೆ ಒಂಬತ್ತನೇ ಇನಿಂಗ್ಸಿನಲ್ಲಿ ಮತ್ತೆ ನೋಡಬೇಕು. ನಮ್ಮಲ್ಲಿ ಆಗ ಮಳೆ ಜೋರು. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿಸಿಟ್ಟಿದ್ದೇನೆ.