ಡೆಂಗಿಯಿಂದ ಎದ್ದ ಸವಾರ 40 ಕಿಲೋಮೀಟರಿಗೆ ಸಜ್ಜಾಗುವುದು ಹೇಗೆ?

ಡೆಂಗಿ ಹೆಚ್ಚುವುದು ಮಳೆಗಾಲದಲ್ಲಿ, ಕುದುರೆಗಳ ದೂರದೋಟದ ಸ್ಪರ್ಧೆಗಳು ಹೆಚ್ಚಾಗಿ ನಡೆಯುವುದು ಚಳಿಗಾಲದಲ್ಲಿ. ಸೆಪ್ಟೆಂಬರಿನಲ್ಲಿ ಹಾಸಿಗೆ ಹಿಡಿದವರು ಡಿಸೆಂಬರಿನ 40 ಕಿ.ಮೀ. ಎಂಡ್ಯೂರೆನ್ಸ್ ಸವಾರಿಗೆ ಹೆಸರು ಕೊಟ್ಟಿದ್ದರೆ ಕೈಯಲ್ಲಿ ಉಳಿಯುವುದು ಎಂಟು–ಹತ್ತು ವಾರ. ಸರಿಯಾಗಿ ಬಳಸಿಕೊಂಡರೆ ಅಷ್ಟು ಸಾಕು.

ಈ ಸ್ಪರ್ಧೆಯಲ್ಲಿ ಪ್ರತಿ ಸುತ್ತು ಮುಗಿದಾಗಲೂ ‘ಗೇಟ್’ ಎಂಬ ತಪಾಸಣೆಯ ಜಾಗದಲ್ಲಿ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುತ್ತಾರೆ. ಕುದುರೆ ಸವಾರಿಯ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಇಐ ನಿಯಮದ ಪ್ರಕಾರ, ನಡುವಿನ ಸುತ್ತುಗಳಲ್ಲಿ ಬಂದ 15 ನಿಮಿಷದೊಳಗೆ, ಕೊನೆಯ ಸುತ್ತಿನಲ್ಲಿ 20 ನಿಮಿಷದೊಳಗೆ ಕುದುರೆಯ ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿದಿರಬೇಕು. ಕುಂಟುತ್ತಿದೆಯೇ, ಬೆನ್ನು ನೋಯುತ್ತಿದೆಯೇ, ನೀರಿನಂಶ ಕಡಿಮೆಯಾಗಿದೆಯೇ ಎಂದೆಲ್ಲ ನೋಡುತ್ತಾರೆ. ಸವಾರನಿಗೆ ಮಾತ್ರ ಅಂಥ ತಪಾಸಣೆ ಇಲ್ಲ. ಆದರೆ ಸವಾರನ ಸುಸ್ತು ಹೋಗಿ ಕೂರುವುದು ಕುದುರೆಯ ಬೆನ್ನಿನ ಮೇಲೆಯೇ. ತೊಡೆ ಸೋತವನು ಜೀನಿನ ಮೇಲೆ ಧೊಪ್ಪನೆ ಕೂರುತ್ತಾನೆ, ಲಗಾಮನ್ನು ಹಿಡಿದು ತೂಗುತ್ತಾನೆ, ಒಂದು ಕಡೆಗೆ ವಾಲುತ್ತಾನೆ. ಕುದುರೆ ಗೇಟಿನಲ್ಲಿ ಫೇಲಾಗುತ್ತದೆ, ಕಾರಣ ಮೇಲೆ ಕೂತಿರುತ್ತದೆ. ಆದ್ದರಿಂದ ಕುದುರೆಗೆ ನಡೆಯುವಷ್ಟೇ ಕಟ್ಟುನಿಟ್ಟಿನ ತಪಾಸಣೆಯನ್ನು ನೀವೇ ನಿಮಗೆ ಮಾಡಿಕೊಳ್ಳಬೇಕು.

ಜೀನು ಮುಟ್ಟುವ ಮುಂಚೆ

ಜ್ವರ ಇಳಿದ ಕೂಡಲೇ ಲಾಯಕ್ಕೆ ಓಡಬೇಡಿ. ಡೆಂಗಿಯಲ್ಲಿ ಅಪಾಯದ ಘಟ್ಟ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಮುಂದಿನ 24ರಿಂದ 48 ಗಂಟೆ ರಕ್ತನಾಳಗಳಿಂದ ದ್ರವ ಸೋರುವುದು, ಪ್ಲೇಟ್‌ಲೆಟ್ ಕುಸಿಯುವುದು ಆಗಲೇ. ಅದು ದಾಟಿದ ಮೇಲೂ ಒಂದು ವಾರ ಪೂರ್ತಿ ವಿಶ್ರಾಂತಿ ಇರಲಿ.

ಆಮೇಲೆ ರಕ್ತ ಪರೀಕ್ಷೆ. ಪ್ಲೇಟ್‌ಲೆಟ್ ಎಣಿಕೆ 1.5 ಲಕ್ಷಕ್ಕೆ, ಅಂದರೆ ಸಹಜ ಮಟ್ಟದ ಕೆಳಗಿನ ಗೆರೆಗೆ, ಮರಳದೆ ಕುದುರೆ ಹತ್ತಬೇಡಿ. ನಡೆದಾಡಲು ಕಡಿಮೆ ಎಣಿಕೆಯೂ ಸಾಕಾಗಬಹುದು. ಕುದುರೆಯಿಂದ ಬೀಳುವವನಿಗೆ ಸಾಲದು. ತಲೆಗೋ ಹೊಟ್ಟೆಗೋ ಏಟು ಬಿದ್ದರೆ ಒಳಗಿನ ರಕ್ತಸ್ರಾವ ನಿಲ್ಲುವುದು ತಡವಾಗುತ್ತದೆ. ಟೈಫಾಯ್ಡ್, ಮಲೇರಿಯಾ ಆಗಿದ್ದವರಿಗೆ ಇನ್ನೊಂದು ಎಚ್ಚರಿಕೆ ಇದೆ. ಈ ಕಾಯಿಲೆಗಳಲ್ಲಿ ಪಕ್ಕೆಲುಬಿನ ಕೆಳಗೆ ಎಡಗಡೆ ಇರುವ ಗುಲ್ಮ ಊದಿಕೊಳ್ಳಬಹುದು. ಊದಿದ ಗುಲ್ಮ ಏಟು ಬಿದ್ದರೆ ಒಡೆಯಬಹುದು. ಅದು ಮಾಮೂಲಿ ಗಾತ್ರಕ್ಕೆ ಬಂದಿದೆ ಎಂದು ವೈದ್ಯರು ಮುಟ್ಟಿ ನೋಡಿಯೋ ಸ್ಕ್ಯಾನ್ ಮಾಡಿಸಿಯೋ ಹೇಳಬೇಕು. ಎದೆನೋವು, ಎದೆ ಡವಡವ, ಮೆಟ್ಟಿಲು ಹತ್ತಿದರೆ ಏದುಸಿರು, ಇವುಗಳಲ್ಲಿ ಒಂದಿದ್ದರೂ ಇಸಿಜಿ ಆಗದೆ ಮುಂದಿನ ಹೆಜ್ಜೆ ಬೇಡ. ವೈರಸ್ ಜ್ವರ ಕೆಲವೊಮ್ಮೆ ಹೃದಯದ ಸ್ನಾಯುವಿಗೂ ತಟ್ಟುತ್ತದೆ. ಹಾಗಾಗಿದ್ದರೆ ತಿಂಗಳುಗಟ್ಟಲೆ ಶ್ರಮದ ಕೆಲಸ ಮಾಡುವಂತಿಲ್ಲ, ಈ ವರ್ಷದ ಸ್ಪರ್ಧೆಯನ್ನು ಬಿಟ್ಟುಬಿಡಬೇಕು.

ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ, ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ಬರೆಯಿರಿ. ಡೆಂಗಿ ಇಳಿದ ಹೊಸದರಲ್ಲಿ ಕೆಲವರ ನಾಡಿ ಮಾಮೂಲಿಗಿಂತ ನಿಧಾನವಾಗಿರುತ್ತದೆ, ಆ ದಿನಗಳ ಅಂಕಿಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಜ್ವರ ಬಿಟ್ಟು ಎರಡು ವಾರವಾದ ಮೇಲೆ ಐದು ದಿನ ಎಣಿಸಿ, ಸರಾಸರಿ ತೆಗೆಯಿರಿ. ಅದು ನಿಮ್ಮ ಮೂಲ ಅಂಕಿ. ಇನ್ನು ಮುಂದೆ ಯಾವ ಬೆಳಿಗ್ಗೆಯಾದರೂ ಅದಕ್ಕಿಂತ 10 ಬಡಿತ ಹೆಚ್ಚಿದ್ದರೆ ಅಂದು ಸವಾರಿ ಇಲ್ಲ. ಮಲಗಿದ್ದವರು ಎದ್ದು ನಿಂತು ಹತ್ತು ನಿಮಿಷದೊಳಗೆ ನಾಡಿ 30ಕ್ಕಿಂತ ಹೆಚ್ಚು ಏರಿ ಹಾಗೇ ನಿಂತರೆ, ತಲೆ ತಿರುಗಿದರೆ, ವೈದ್ಯರಿಗೆ ತಿಳಿಸಿ.

ಆ ಹೊತ್ತಿಗೆ ಕುದುರೆಯ ಕಥೆ

ನೀವು ಮಲಗಿದ ದಿನವೇ ಮಾಡಿಸಬೇಕಾದ ಕೆಲಸವಿದು, ತುಂಬ ಮಂದಿ ಮರೆಯುವುದೂ ಇದನ್ನೇ. ಕೆಲಸ ನಿಂತ ಕುದುರೆಗೆ ಹುರುಳಿ, ಓಟ್ಸ್, ಬೂಸಾ ಮುಂಚಿನಷ್ಟೇ ಹಾಕುತ್ತ ಹೋದರೆ, ಮತ್ತೆ ದುಡಿಸಿದ ದಿನ ಹಿಂಗಾಲಿನ ಸ್ನಾಯುಗಳು ಕಲ್ಲಿನಂತೆ ಬಿಗಿಯಬಹುದು. ಹಿಂದಿನ ಕಾಲದಲ್ಲಿ ಭಾನುವಾರ ರಜೆ ಕೊಟ್ಟು ಸೋಮವಾರ ಗಾಡಿಗೆ ಕಟ್ಟಿದ ಕುದುರೆಗಳಿಗೆ ಹೀಗಾಗುತ್ತಿತ್ತು ಎಂದು ಇಂಗ್ಲಿಷರು ಇದಕ್ಕೆ ಸೋಮವಾರದ ಕಾಯಿಲೆ ಎಂದೇ ಹೆಸರಿಟ್ಟಿದ್ದರು. ಕುದುರೆ ಬೆವರುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಆಮೇಲೆ ನಿಂತಲ್ಲೇ ನಿಲ್ಲುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ನಡೆಸಿಕೊಂಡು ಲಾಯಕ್ಕೆ ತರಲು ಹೋಗಬೇಡಿ, ಅಲ್ಲೇ ನಿಲ್ಲಿಸಿ ಪಶುವೈದ್ಯರನ್ನು ಕರೆಸಿ.

ತಪ್ಪಿಸುವ ದಾರಿ ಸುಲಭ. ಕೆಲಸ ನಿಂತ ದಿನವೇ ಕಾಳನ್ನು ಅರ್ಧಕ್ಕೆ ಇಳಿಸಿ, ಒಣಹುಲ್ಲು ಕಡಿಮೆ ಮಾಡಬೇಡಿ. 400 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ 6ರಿಂದ 8 ಕೆ.ಜಿ. ಒಣ ಮೇವು ಬೇಕು. ಮತ್ತೆ ಕೆಲಸ ಶುರುವಾದಾಗ ಮೊದಲು ಕೆಲಸ ಹೆಚ್ಚಲಿ, ಕಾಳು ಅದರ ಹಿಂದಿನಿಂದ ಬರಲಿ. ಸೈಸ್ (ಕುದುರೆ ನೋಡಿಕೊಳ್ಳುವವರು) ಅಥವಾ ಇನ್ನೊಬ್ಬ ಸವಾರರು ವಾರಕ್ಕೆ ಮೂರು–ನಾಲ್ಕು ದಿನ ಕುದುರೆಯನ್ನು ಓಡಿಸುತ್ತಿದ್ದರೆ ಇನ್ನೂ ಒಳ್ಳೆಯದು. ಚೆನ್ನಾಗಿ ತಯಾರಾದ ಕುದುರೆ ಮೂರು–ನಾಲ್ಕು ವಾರದ ವಿರಾಮದಲ್ಲಿ ದಮ್ಮು ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ನೀವು ಕಳೆದುಕೊಂಡಿರುತ್ತೀರಿ. ದಮ್ಮು ಉಳಿದ ಕುದುರೆ, ದಮ್ಮು ಕಳೆದುಕೊಂಡ ಸವಾರ, ಬೀಳುವುದು ಈ ಜೋಡಿಯಲ್ಲೇ.

ಮೊದಲ ಎರಡು ವಾರ: ನೆಲದ ಮೇಲೆ

ದಿನಕ್ಕೆ 10 ನಿಮಿಷದ ನಡಿಗೆಯಿಂದ ಶುರುಮಾಡಿ, ಎರಡನೇ ವಾರದ ಕೊನೆಗೆ ಒಂದೇ ಬಾರಿಗೆ 45 ನಿಮಿಷ ನಡೆಯುವಂತಾಗಬೇಕು. ಜೊತೆಗೆ ಮೂರು ಪರೀಕ್ಷೆ. ಕೈ ಊರದೆ ಕುರ್ಚಿಯಿಂದ 15 ಸಲ ಎದ್ದು ಕೂರುವುದು. ಗೋಡೆಗೆ ಬೆನ್ನು ಕೊಟ್ಟು, ಮಂಡಿ ಮಡಿಸಿ, ಕುರ್ಚಿಯಿಲ್ಲದೆ ಕೂತಂತೆ 60 ಸೆಕೆಂಡ್ ನಿಲ್ಲುವುದು. ಒಂದೊಂದೇ ಕಾಲಿನ ಮೇಲೆ 30 ಸೆಕೆಂಡ್ ನಿಲ್ಲುವುದು. ಕೊನೆಯದರಲ್ಲಿ ಎಡಗಾಲಿಗೂ ಬಲಗಾಲಿಗೂ ಇರುವ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ, ನಾಲ್ಕನೇ ವಾರದಲ್ಲಿ ಬೇಕಾಗುತ್ತದೆ. ಮೂರೂ ಆಗುವ ತನಕ ಕುದುರೆ ಹತ್ತುವ ಮಾತಿಲ್ಲ. ಮೈ ತಿಕ್ಕುವುದು, ಗೊರಸು ಕೆರೆಯುವುದು ಧಾರಾಳವಾಗಿ ಮಾಡಬಹುದು, ತೋಳಿಗೂ ಸೊಂಟಕ್ಕೂ ಅದಕ್ಕಿಂತ ಒಳ್ಳೆಯ ವ್ಯಾಯಾಮ ಸಿಗದು.

ಚಿಕುನ್‌ಗುನ್ಯಾ ಆಗಿದ್ದವರ ಪಾಡು ಬೇರೆ. ಮಣಿಕಟ್ಟು, ಬೆರಳು, ಕಣಕಾಲಿನ ನೋವು ತಿಂಗಳುಗಟ್ಟಲೆ ಉಳಿಯಬಹುದು. ಒದ್ದೆ ಟವೆಲನ್ನು ಎರಡೂ ಕೈಯಿಂದ ಹಿಂಡಲು ಆಗದಿದ್ದರೆ ಲಗಾಮು ಹಿಡಿಯಲೂ ಆಗುವುದಿಲ್ಲ. ನೋವಿನ ಮಾತ್ರೆ ನುಂಗಿ ಹತ್ತುವುದು ಬೇಡ. ಮಾತ್ರೆ ನೋವನ್ನು ಮುಚ್ಚುತ್ತದೆ, ಹಿಡಿತವನ್ನು ಮರಳಿ ಕೊಡುವುದಿಲ್ಲ.

ಮೂರನೇ ವಾರ: ಜೀನಿನ ಮೇಲೆ 20 ನಿಮಿಷ

ಮೊದಲ ದಿನ ನೀವು ಹತ್ತುವ ಮುಂಚೆ ಕುದುರೆಯನ್ನು ಉದ್ದ ಹಗ್ಗದಲ್ಲಿ ಎರಡೂ ದಿಕ್ಕಿಗೆ ಸುತ್ತಿಸಿ, ಅಥವಾ ಬೇರೊಬ್ಬರು 20 ನಿಮಿಷ ಸವಾರಿ ಮಾಡಲಿ. ನೆಲದಿಂದ ನೇರ ಹಾರಬೇಡಿ, ಹತ್ತಲು ಕಟ್ಟೆಯನ್ನೋ ಗಟ್ಟಿ ಸ್ಟೂಲನ್ನೋ ಬಳಸಿ. ಸೋತ ಕಾಲಿನವರು ನೆಲದಿಂದ ಹತ್ತಿದರೆ ಜೀನು ಎಡಕ್ಕೆ ಎಳೆದುಕೊಂಡು ಕುದುರೆಯ ಬೆನ್ನು ತಿರುಚುತ್ತದೆ. ಕುದುರೆಯ ಕತ್ತಿಗೆ ಹಳೆಯ ಸ್ಟಿರಪ್ (ಸವಾರ ಪಾದ ಇಡುವ ರಿಕಾಪು) ಪಟ್ಟಿಯೊಂದನ್ನು ಸಡಿಲವಾಗಿ ಕಟ್ಟಿರಿ. ತಪ್ಪಿದರೆ ಹಿಡಿಯಲು ಅದಿರುತ್ತದೆ, ಬಾಯಿಯನ್ನು ಜಗ್ಗುವುದು ತಪ್ಪುತ್ತದೆ.

ಈ ವಾರ ದಿನ ಬಿಟ್ಟು ದಿನ, ಬರೀ ನಡಿಗೆ, 20 ನಿಮಿಷ. ನಡುನಡುವೆ ಸ್ಟಿರಪ್ ಮೇಲೆ ಎದ್ದು ಅರ್ಧ ನಿಂತ ಭಂಗಿಯಲ್ಲಿ ಒಂದು ನಿಮಿಷದಂತೆ ಐದು ಸಲ. ತೂಕ ಹಿಮ್ಮಡಿಗೆ ಇಳಿಯಬೇಕು. ಮಂಡಿಯಲ್ಲಿ ಬಿಗಿದು ಹಿಡಿದರೆ ಕಾಲು ಹಿಂದಕ್ಕೆ ಜಾರಿ ಮೈ ಮುಂದಕ್ಕೆ ಬೀಳುತ್ತದೆ. ಹಾಗಾಗುತ್ತಿದೆ ಎಂದರೆ ತೊಡೆ ಸೋತಿದೆ, ಅವತ್ತಿಗೆ ಇಳಿಯಿರಿ.

ಜ್ವರದಲ್ಲಿ ನಾಲ್ಕೈದು ಕೆ.ಜಿ. ಇಳಿದಿದ್ದರೆ ಹಳೆಯ ಸವಾರಿ ಪ್ಯಾಂಟು ಮಂಡಿಯ ಒಳಗಡೆ ನೆರಿಗೆಯಾಗುತ್ತದೆ. ಹತ್ತು ಕಿಲೋಮೀಟರಿನಲ್ಲಿ ಆ ನೆರಿಗೆ ಚರ್ಮ ಸುಲಿಯುತ್ತದೆ. ಹೆಲ್ಮೆಟ್ ಪಟ್ಟಿಯನ್ನೂ ಸರಿಮಾಡಿಕೊಳ್ಳಿ. ಕನಿಷ್ಠ ತೂಕದ ನಿಯಮವಿರುವ ವರ್ಗಕ್ಕೆ ಹೋಗುವವರು ಜೀನಿನ ಸಮೇತ ಈಗಲೇ ತೂಗಿಸಿಕೊಳ್ಳಬೇಕು.

ನಾಲ್ಕನೇ ವಾರ: ಟ್ರಾಟ್, ಇಲ್ಲಿ ನಿಧಾನ

ಎಂಡ್ಯೂರೆನ್ಸ್ ಸವಾರಿಯ ಬಹುಪಾಲು ದಾರಿ ಸಾಗುವುದು ಟ್ರಾಟ್‌ನಲ್ಲಿ, ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟದಲ್ಲಿ, ಕಾಯಿಲೆಯಿಂದ ಎದ್ದವರು ಕುದುರೆಯನ್ನು ಕೆಡಿಸುವುದೂ ಅಲ್ಲೇ. ಟ್ರಾಟ್‌ನಲ್ಲಿ ಕುದುರೆಯ ಕಾಲುಗಳು ಕರ್ಣದ ಜೋಡಿಯಾಗಿ ಬೀಳುತ್ತವೆ, ಎಡ ಮುಂಗಾಲಿನ ಜೊತೆ ಬಲ ಹಿಂಗಾಲು. ಏಳುತ್ತ ಕೂರುತ್ತ ಹೋಗುವ ಸವಾರ ಪ್ರತಿ ಸಲವೂ ಒಂದೇ ಜೋಡಿಯ ಮೇಲೆ ಕೂರುತ್ತಾನೆ. ಮೈದಾನದಲ್ಲಿ ದಿಕ್ಕು ಬದಲಿಸಿದಾಗ ಜೋಡಿಯೂ ಬದಲಾಗುತ್ತದೆ. ನೇರ ಮಣ್ಣುದಾರಿಯಲ್ಲಿ ಅದನ್ನು ನೆನಪಿಸುವವರಿಲ್ಲ. ಸೋತ ಕಾಲು ತನಗೆ ಸುಲಭವಾದ ಜೋಡಿಯನ್ನೇ ಹುಡುಕಿಕೊಳ್ಳುತ್ತದೆ, ಇಡೀ ದಾರಿ ಅದೇ ಕಾಲುಗಳ ಮೇಲೆ ಪೆಟ್ಟು ಬೀಳುತ್ತದೆ. ಗೇಟಿನಲ್ಲಿ ಕುದುರೆ ಕುಂಟಿದಾಗ ಲಾಳ ಹೊಡೆದವನ ಮೇಲೆ ತಪ್ಪು ಹೊರಿಸುವುದು ಆಮೇಲಿನ ಮಾತು.

ಆದ್ದರಿಂದ ಪ್ರತಿ ಕಿಲೋಮೀಟರಿಗೊಮ್ಮೆ, ವಾಚಿನ ಅಲಾರಂ ಇಟ್ಟುಕೊಂಡು, ಒಂದು ಹೆಜ್ಜೆ ಹೆಚ್ಚು ಕೂತು ಜೋಡಿ ಬದಲಿಸಿ. ಒಂಟಿಕಾಲಿನ ಪರೀಕ್ಷೆಯಲ್ಲಿ ಯಾವ ಕಾಲು ಸೋತಿತ್ತೋ ಆ ಕಡೆ ಹೆಚ್ಚು ಗಮನ ಬೇಕು. ಈ ವಾರ ಎರಡು ನಿಮಿಷ ಟ್ರಾಟ್, ಮೂರು ನಿಮಿಷ ನಡಿಗೆ, ಹೀಗೆ ನಾಲ್ಕು ಸಲ. ವಾರದ ಕೊನೆಗೆ ಆರು ಸಲ.

ಇಳಿದ ಮೇಲೆ ಜೀನಿನ ಕೆಳಗಿನ ಬಟ್ಟೆಯನ್ನೂ ಬೆನ್ನನ್ನೂ ನೋಡಿ. ಬೆವರಿನ ಗುರುತು ಎರಡೂ ಕಡೆ ಒಂದೇ ಥರ ಇರಬೇಕು. ಸುತ್ತಲೂ ಒದ್ದೆಯಾಗಿ ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಒತ್ತಡ ಹೆಚ್ಚಾಗಿದೆ ಎಂದು ಅನುಮಾನಿಸಬೇಕು. ಬೆನ್ನೆಲುಬಿನ ಎರಡೂ ಪಕ್ಕ ಬೆರಳ ತುದಿಯಿಂದ ಒತ್ತುತ್ತ ಬನ್ನಿ. ಕುದುರೆ ಬೆನ್ನು ತಗ್ಗಿಸಿದರೆ, ಕಿವಿ ಹಿಂದಕ್ಕೆ ಹಾಕಿದರೆ ನೋವಿದೆ. ಎರಡು ದಿನ ಜೀನು ಹಾಕಬೇಡಿ.

ಐದರಿಂದ ಎಂಟನೇ ವಾರ

ಐದನೇ ವಾರ ಒಂದೇ ಉದ್ದ ಸವಾರಿ, 8ರಿಂದ 10 ಕಿ.ಮೀ., ಸರಾಸರಿ ಗಂಟೆಗೆ 8 ಕಿ.ಮೀ. ವೇಗ. ಆರನೇ ವಾರ 15ರಿಂದ 18. ಏಳನೇ ವಾರ 14 ಕಿ.ಮೀ. ಹೋಗಿ ಬಂದು, ಇಳಿದು, 40 ನಿಮಿಷ ನಿಂತು, ಮತ್ತೆ 14 ಕಿ.ಮೀ. ಆ 40 ನಿಮಿಷದ ನಂತರ ಮತ್ತೆ ಹತ್ತುವಾಗಲೇ ಮೈ ನಿಜ ಹೇಳುತ್ತದೆ. ದೂರ, ವೇಗ, ಏರುತಗ್ಗು, ಈ ಮೂರರಲ್ಲಿ ಒಂದು ವಾರಕ್ಕೆ ಒಂದನ್ನು ಮಾತ್ರ ಹೆಚ್ಚಿಸಿ. ಎಂಟನೇ ವಾರ ಎರಡು ದಿನ 5–6 ಕಿ.ಮೀ. ಹಗುರ ಸವಾರಿ, ಉಳಿದದ್ದು ವಿಶ್ರಾಂತಿ. ಹೊಸ ಲಾಳವನ್ನು ಸ್ಪರ್ಧೆಗೆ ಏಳರಿಂದ ಹತ್ತು ದಿನ ಮುಂಚೆ ಹೊಡೆಸಿ, ಹಿಂದಿನ ದಿನ ಬೇಡ.

ವೈರಸ್ ಜ್ವರದ ನಂತರದ ಸುಸ್ತು ಅಂದೇ ಕಾಣಿಸದೆ ಒಂದು–ಎರಡು ದಿನ ಬಿಟ್ಟು ಬರಬಹುದು. ಶನಿವಾರ 15 ಕಿ.ಮೀ. ಮುಗಿಸಿ ಚೆನ್ನಾಗಿದ್ದೇನೆ ಅನ್ನಿಸಿದರೆ ನಂಬಬೇಡಿ, ಸೋಮವಾರದ ನಾಡಿ ನೋಡಿ. ಮೂಲ ಅಂಕಿಗಿಂತ 10 ಹೆಚ್ಚಿದ್ದರೆ ಅಥವಾ ಕಾಲು ಇನ್ನೂ ಭಾರವಿದ್ದರೆ ಮುಂದಿನ ವಾರಕ್ಕೆ ಹೋಗದೆ ಅದೇ ವಾರವನ್ನು ಮತ್ತೆ ಮಾಡಿ. ಎರಡು ಸಲ ಹೀಗೆ ನಿಂತರೆ ಆಯೋಜಕರಿಗೆ ಫೋನ್ ಮಾಡಿ 20 ಕಿ.ಮೀ. ವರ್ಗವಿದೆಯೇ ಎಂದು ಕೇಳಿ.

ಔಷಧದ ವಿಷಯ

ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಿದ ಕೈಯಲ್ಲಿ ಕುದುರೆಗೆ ಬೆಲ್ಲ ಕೊಟ್ಟರೆ ಔಷಧ ಕುದುರೆಯ ಹೊಟ್ಟೆ ಸೇರುತ್ತದೆ. ಸ್ಪರ್ಧೆಯಲ್ಲಿ ಕುದುರೆಯ ರಕ್ತ, ಮೂತ್ರ ತೆಗೆದು ಮಾಡುವ ಪರೀಕ್ಷೆಯಲ್ಲಿ ಅದು ಸಿಕ್ಕರೆ ಉತ್ತರ ಹೇಳಬೇಕಾದವರು ಸವಾರರೇ. ಲಾಯದೊಳಗೆ ಮೂತ್ರ ಮಾಡುವ ಅಭ್ಯಾಸದಿಂದಲೂ ಮನುಷ್ಯರ ಮಾತ್ರೆಯ ಅಂಶ ಹುಲ್ಲಿನ ಮೂಲಕ ಕುದುರೆಗೆ ಹೋಗಬಹುದು, ಸೈಸ್‌ಗೂ ಹೇಳಿಡಿ. ಚಿಕಿತ್ಸೆಯಲ್ಲಿ ಸ್ಟಿರಾಯ್ಡ್ ತೆಗೆದುಕೊಂಡಿದ್ದರೆ ಚೀಟಿಯನ್ನು ಇಟ್ಟುಕೊಂಡು ಮೊದಲೇ ವಿಚಾರಿಸಿ. ಉದ್ದೀಪನ ಮದ್ದಿನ ನಿಯಮ ಸವಾರರಿಗೂ ಇದೆ.

ಸ್ಪರ್ಧೆಯ ದಿನ

ಓಆರ್‌ಎಸ್ ಪ್ಯಾಕೆಟ್ಟನ್ನು ಅದರ ಮೇಲೆ ಬರೆದಷ್ಟು ನೀರಿಗೆ ಬೆರೆಸಿ, ಅಳತೆ ಅಷ್ಟೇ ಇರಲಿ. ಗಟ್ಟಿ ಮಾಡಿದರೆ ಹೊಟ್ಟೆ ತೊಳಸುತ್ತದೆ. ಹೊರಡುವ ಎರಡು ಗಂಟೆ ಮುಂಚೆ ಇಡ್ಲಿಯೋ ರಾಗಿ ಗಂಜಿಯೋ ತಿಂದಿರಿ, ವಿರಾಮದಲ್ಲಿ ಬಾಳೆಹಣ್ಣು ಮತ್ತು ಉಪ್ಪು ಹಾಕಿದ ಮಜ್ಜಿಗೆ. ವಿರಾಮದಲ್ಲಿ ಎಲ್ಲರ ಕೈಯೂ ಕುದುರೆಯ ಮೇಲಿರುತ್ತದೆ, ನೀರು ಹೊಯ್ಯುವುದು, ತಣಿಸುವುದು, ನಡೆಸುವುದು. ಆ ಕೆಲಸವನ್ನು ಜೊತೆಗಾರರಿಗೆ ಬಿಟ್ಟು ನೀವು ನೆರಳಲ್ಲಿ ಕೂತು, ಹತ್ತು ನಿಮಿಷವಾದ ಮೇಲೆ ನಿಮ್ಮ ನಾಡಿ ಎಣಿಸಿ. 100ಕ್ಕಿಂತ ಕೆಳಗೆ ಇಳಿಯದಿದ್ದರೆ, ಕೈ ನಡುಗುತ್ತಿದ್ದರೆ, ಅಲ್ಲಿಗೇ ಹಿಂದೆ ಸರಿಯಿರಿ. ಕುದುರೆ ಪಾಸಾಗಿದ್ದರೂ ಸವಾರರು ಸ್ಪರ್ಧೆ ಬಿಡಬಹುದು.

ಮುಗಿಸಿ ಬಂದವರು ಕುದುರೆಗೆ ಮೂರು–ನಾಲ್ಕು ದಿನ ಜೀನು ಹಾಕಬೇಡಿ, ಅಷ್ಟು ದಿನವೂ ಕಾಳು ಅರ್ಧವೇ. ನೋಟ್‌ಬುಕ್ ಮುಚ್ಚಬೇಡಿ. ಮೂರನೇ ಬೆಳಿಗ್ಗೆಯ ನಾಡಿ ಬರೆದ ಮೇಲೆ 60 ಕಿ.ಮೀ. ಸವಾರಿಯ ಅರ್ಜಿಯನ್ನು ತೆರೆಯಿರಿ.